ಕಣ್ಣೂ ಕಾಣಲ್ಲ, ಕಿವಿಯೂ ಕೇಳಲ್ಲ ಅಂದ್ರೆ ಯಾವ ಮೆಷಿನ್ ತಗೋಬೇಕು?

ಈ ಪ್ರಶ್ನೆ ನನಗೆ ಫೋನಲ್ಲಿ ಬರುತ್ತದೆ, ಮದುವೆ ಮನೆಯ ಪಂಕ್ತಿಯಲ್ಲಿ ಬರುತ್ತದೆ, ಒಮ್ಮೊಮ್ಮೆ ಬಸ್ಸಿನಲ್ಲೂ ಬರುತ್ತದೆ. ನಾನು ವಿಶೇಷ ಶಿಕ್ಷಕಿ. ಕಣ್ಣು, ಕಿವಿ ಎರಡರಲ್ಲೂ ತೊಂದರೆ ಇರುವ ಮಕ್ಕಳ ಮನೆಗೆ ಹೋಗಿ ಕಲಿಸುವುದು ನನ್ನ ಕೆಲಸ ಅಂತ ಗೊತ್ತಾದ ಕೂಡಲೇ ಯಾರಾದರೊಬ್ಬರು ಪಕ್ಕಕ್ಕೆ ಕರೆದು ಕೇಳುತ್ತಾರೆ: "ಮೇಡಂ, ನಮ್ಮ ಅಕ್ಕನ ಮಗ ಹಿಂಗಿದಾನೆ, ದುಡ್ಡು ಹೆಂಗೋ ಹೊಂದಿಸ್ತೀವಿ, ಯಾವ ಮೆಷಿನ್ ತಗೋಬೇಕು ಹೇಳಿ."

ಮೆಷಿನ್ ಇದೆ. ಕೆಳಗೆ ಹೇಳುತ್ತೇನೆ. ಆದರೆ ನನ್ನ ಲೆಕ್ಕದಲ್ಲಿ ಅದರ ಸರದಿ ಮೂರನೆಯದು. ಮೊದಲು, ಎಷ್ಟು ಕಾಣುತ್ತದೆ, ಎಷ್ಟು ಕೇಳುತ್ತದೆ ಅಂತ ಯಾರಾದರೂ ಸರಿಯಾಗಿ ಪರೀಕ್ಷೆ ಮಾಡಿದ್ದಾರಾ? ಆಮೇಲೆ, ಆ ವ್ಯಕ್ತಿಗೆ ಈಗಾಗಲೇ ಒಂದು ಭಾಷೆ ಬರುತ್ತದಾ? ಈ ಎರಡಕ್ಕೂ ಉತ್ತರ ಸಿಗದೆ ಏನು ತಂದರೂ ಅದು ಬೀರುವಿನ ಮೇಲೆ ಧೂಳು ತಿನ್ನುತ್ತಾ ಕೂರುತ್ತದೆ.

ಪೂರ್ತಿ ಕತ್ತಲೆ, ಪೂರ್ತಿ ನಿಶ್ಶಬ್ದ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹಾಗಿರುವವರು ಕಡಿಮೆ. ಒಬ್ಬರಿಗೆ ಬೆಳಕು ಬಂದದ್ದು, ಹೋದದ್ದು ಗೊತ್ತಾಗುತ್ತದೆ, ಇನ್ನೊಬ್ಬರಿಗೆ ಎದುರಿಗಿರುವ ಮುಖ ಮಾತ್ರ ಕಾಣುತ್ತದೆ, ಮತ್ತೊಬ್ಬರಿಗೆ ಕಿವಿ ಹತ್ತಿರ ಗಟ್ಟಿಯಾಗಿ ಮಾತಾಡಿದರೆ ಅರ್ಧ ತಿಳಿಯುತ್ತದೆ. ಈ ಅಳಿದುಳಿದದ್ದು ಎಷ್ಟು ಅನ್ನುವುದೇ ಮುಖ್ಯ. ಅದನ್ನು ಅಳೆಯುವುದು ಮಾತ್ರ ಯಾಕೋ ಯಾರ ಕೆಲಸವೂ ಆಗಿರುವುದಿಲ್ಲ. ಕಣ್ಣಿನ ಡಾಕ್ಟರ್ ಕಣ್ಣು ನೋಡುತ್ತಾರೆ, ಕಿವಿಯವರು ಕಿವಿ ನೋಡುತ್ತಾರೆ, ಎರಡು ಫೈಲು ಎರಡು ಊರಿನ ಆಸ್ಪತ್ರೆಯಲ್ಲಿ. ಶಾಲೆಯ ವಿಷಯದಲ್ಲೂ ಇದೇ ಕಥೆ. ಕಿವುಡ ಮಕ್ಕಳ ಶಾಲೆಯಲ್ಲಿ ಪಾಠ ನಡೆಯುವುದು ಕಣ್ಣಿನ ಮೂಲಕ, ಕುರುಡು ಮಕ್ಕಳ ಶಾಲೆಯಲ್ಲಿ ಕಿವಿಯ ಮೂಲಕ. ಈ ಮಗು ಎಲ್ಲಿಗೆ ಹೋಗಬೇಕು?

ಅಷರ್ ಸಿಂಡ್ರೋಮ್ ಅಂತ ಕಿವಿ, ಕಣ್ಣು ಎರಡನ್ನೂ ಕೆಡಿಸುವ ಕಾಯಿಲೆ ಒಂದಿದೆ. ಇದರ ಬಗ್ಗೆ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಯಾಕೆಂದರೆ ಗೊತ್ತಾಗದೆ ವರ್ಷಗಟ್ಟಲೆ ಕಳೆದುಹೋಗುವುದು ಇದರಲ್ಲೇ ಜಾಸ್ತಿ. ಮಗು ಹುಟ್ಟುತ್ತಲೇ ಕಿವುಡು. ಅದು ಮನೆಯವರಿಗೆ ಗೊತ್ತು, ಕಿವುಡು ಮಕ್ಕಳ ಶಾಲೆಗೆ ಸೇರಿಸಿರುತ್ತಾರೆ, ಸನ್ನೆ ಭಾಷೆಯೂ ಬಂದಿರುತ್ತದೆ. ಎಂಟು, ಹತ್ತು ವರ್ಷದ ಹೊತ್ತಿಗೆ ಸಂಜೆಯಾದರೆ ಎಡವಲು ಶುರು. ಬಾಗಿಲಲ್ಲಿ ಬಿಟ್ಟ ಚಪ್ಪಲಿ ಸಿಗುವುದಿಲ್ಲ. ಊಟಕ್ಕೆ ಕೂತರೆ ತಟ್ಟೆಯಲ್ಲಿರುವುದನ್ನೆಲ್ಲ ಸರಿಯಾಗಿ ತಿನ್ನುತ್ತಾನೆ, ಆದರೆ ಪಕ್ಕದಲ್ಲಿಟ್ಟ ನೀರಿನ ಲೋಟಕ್ಕೆ ಮೊಣಕೈ ತಾಗಿ ದಿನಾ ಚೆಲ್ಲುತ್ತದೆ. "ಕಣ್ಣು ನೆತ್ತಿ ಮೇಲಿದೆಯಾ?" ಅಂತ ಬೈಗುಳ. ಹಾಸ್ಟೆಲಿನಲ್ಲಿ ಗೆಳೆಯರು ಪಕ್ಕದಿಂದ ಕೈಬೀಸಿ ಕರೆದರೂ ತಿರುಗಿ ನೋಡುವುದಿಲ್ಲ, ಆಗ ಹುಡುಗನಿಗೆ ಜಂಬ ಅನ್ನುತ್ತಾರೆ. ಜಂಬವೂ ಅಲ್ಲ, ಅಜಾಗರೂಕತೆಯೂ ಅಲ್ಲ. ಕಣ್ಣಿನ ಒಳಪರದೆ ಅಂಚಿನಿಂದ ಸಾಯುತ್ತಾ ಬರುತ್ತಿದೆ. ಮೊದಲು ರಾತ್ರಿಯ ನೋಟ ಹೋಗುತ್ತದೆ, ಆಮೇಲೆ ಅಕ್ಕಪಕ್ಕದ ನೋಟ, ನಡುವಿನ ಚೂರು ಮಾತ್ರ ಬಹಳ ವರ್ಷ ಉಳಿಯಬಹುದು. ಹಾಗಾಗಿ ಕನ್ನಡಕದ ಅಂಗಡಿಯ ಬೋರ್ಡಿನಲ್ಲಿ ಅಕ್ಷರ ಓದಿಸಿದರೆ ಅವನು ಪಾಸ್! ತೊಂದರೆ ಸಿಕ್ಕಿಬೀಳಬೇಕಾದರೆ ಹನಿ ಹಾಕಿ ಪಾಪೆ ಹಿಗ್ಗಿಸಿ ಒಳಪರದೆ ನೋಡಬೇಕು, ಅಕ್ಕಪಕ್ಕ ಎಷ್ಟು ಕಾಣುತ್ತದೆ ಅಂತ ಅಳೆಯುವ ಫೀಲ್ಡ್ ಟೆಸ್ಟ್ ಮಾಡಬೇಕು. ಬೆಳಕಿಗೆ ಒಳಪರದೆ ಹೇಗೆ ಸ್ಪಂದಿಸುತ್ತದೆ ಅಂತ ಅಳೆಯುವ ಇಆರ್‌ಜಿ ಅಂತ ಇನ್ನೊಂದು ಪರೀಕ್ಷೆ ಇದೆ. ಒಳಪರದೆ ನೋಡಲು ಇನ್ನೂ ಚೆನ್ನಾಗಿಯೇ ಕಾಣುವಾಗಲೂ ಅದರಲ್ಲಿ ಗೊತ್ತಾಗಬಹುದು.

ಇದರಲ್ಲಿ ಮೂರು ವಿಧ. ಒಂದನೆಯದರಲ್ಲಿ ಹುಟ್ಟು ಕಿವುಡಿನ ಜೊತೆ ಮೈಯ ಸಮತೋಲವೂ ಕಡಿಮೆ, ಮಗು ಒಂದೂವರೆ ವರ್ಷ ದಾಟಿದರೂ ನಡೆಯುವುದಿಲ್ಲ. ಎರಡನೆಯದರಲ್ಲಿ ಕಿವಿ ಸ್ವಲ್ಪ ಕೇಳುತ್ತದೆ, ಕಣ್ಣಿನ ತೊಂದರೆ ಹರೆಯಕ್ಕೆ ಬಂದಾಗ ಕಾಣಿಸಿಕೊಳ್ಳುತ್ತದೆ. ಮೂರನೆಯದು ಅಪರೂಪ, ಅದರಲ್ಲಿ ಎರಡೂ ನಿಧಾನಕ್ಕೆ ಕೈಕೊಡುತ್ತವೆ. ತಂದೆ, ತಾಯಿ ಇಬ್ಬರಿಂದಲೂ ಒಂದೊಂದು ಕೆಟ್ಟ ಜೀನ್ ಬಂದರೆ ಮಾತ್ರ ಮಗುವಿಗೆ ಬರುವ ಕಾಯಿಲೆ ಇದು, ಇಬ್ಬರಲ್ಲೂ ಆ ಜೀನ್ ಇದ್ದರೆ ಪ್ರತಿ ಬಸಿರಿಗೂ ನಾಲ್ಕರಲ್ಲಿ ಒಂದು ಸಾಧ್ಯತೆ. ಹತ್ತಿರದ ಸಂಬಂಧದಲ್ಲಿ ಮದುವೆಯಾದರೆ ಇಬ್ಬರಲ್ಲೂ ಅದೇ ಜೀನ್ ಇರುವ ಸಾಧ್ಯತೆ ಜಾಸ್ತಿ. ಸೋದರಮಾವನಿಗೆ ಕೊಟ್ಟ, ಅತ್ತೆ ಮಗನಿಗೆ ಕೊಟ್ಟ ಮದುವೆಗಳು ನಮ್ಮಲ್ಲಿ ಎಷ್ಟಿವೆ ಅಂತ ನಿಮಗೇ ಗೊತ್ತು. ಇದನ್ನು ಹೇಳಿದ ತಕ್ಷಣ ಮನೆಯಲ್ಲಿ ಸೊಸೆಯ ಕಡೆ ಬೆರಳು ತಿರುಗುವುದನ್ನು ನೋಡಿದ್ದೇನೆ, ಅದಕ್ಕೇ "ಇಬ್ಬರಿಂದಲೂ" ಅನ್ನುವ ಮಾತನ್ನು ಅತ್ತೆ ಎದುರಿಗೇ ಜೋರಾಗಿ ಹೇಳುತ್ತೇನೆ. ಹೋದ ನೋಟ ವಾಪಸ್ ತರುವ ಔಷಧಿ ಇದಕ್ಕೆ ಈಗ ಇಲ್ಲ. ತರಿಸುತ್ತೇವೆ ಅಂತ ಜಾಹೀರಾತು ಕೊಡುವವರಿಗೆ ದುಡ್ಡು ಸುರಿಯಬೇಡಿ. ಹಾಗಾದರೆ ಮೊದಲೇ ಗೊತ್ತಾಗಿ ಏನು ಪ್ರಯೋಜನ ಅಂತೀರಾ? ಕಣ್ಣು ಇರುವಾಗಲೇ ಬ್ರೈಲ್, ಅಂದರೆ ಬೆರಳಲ್ಲಿ ಮುಟ್ಟಿ ಓದುವ ಉಬ್ಬು ಚುಕ್ಕೆಗಳ ಲಿಪಿ, ಕಲಿಸಬಹುದು. ಪುಟ್ಟ ಮಗುವಾದರೆ ಕಾಕ್ಲಿಯರ್ ಇಂಪ್ಲಾಂಟ್ (ಆಪರೇಷನ್ ಮಾಡಿ ಕಿವಿಯೊಳಗೆ ಕೂರಿಸುವ ಸಾಧನ) ಬಗ್ಗೆ ಬೇಗ ತೀರ್ಮಾನ ಮಾಡಬಹುದು, ತಡವಾದಷ್ಟೂ ಮಾತು ಕಲಿಯುವುದು ಕಷ್ಟ. ಆದ್ದರಿಂದ ಕಿವುಡು ಅಂತ ಗೊತ್ತಾದ ಪ್ರತಿ ಮಗುವಿಗೂ ಕಣ್ಣಿನ ಪೂರ್ತಿ ಪರೀಕ್ಷೆ ಮಾಡಿಸಿ, ಒಮ್ಮೆ ಮಾಡಿಸಿ ಬಿಡಬೇಡಿ.

ಇನ್ನೊಂದು ದೊಡ್ಡ ಕಾರಣ ರುಬೆಲ್ಲಾ ಅನ್ನುವ ಸೋಂಕು. ಬಸುರಿಗೆ ಮೊದಲ ಮೂರು ತಿಂಗಳಲ್ಲಿ ಬಂದರೆ ಮಗುವಿಗೆ ಪೊರೆ, ಕಿವುಡು, ಹೃದಯದಲ್ಲಿ ತೊಂದರೆ ಮೂರೂ ಬರಬಹುದು. ತಾಯಿಗೆ ಸ್ವಲ್ಪ ಜ್ವರ, ಸ್ವಲ್ಪ ಗಂಧೆ, ಅಷ್ಟೇ. ಎಷ್ಟೋ ಜನರಿಗೆ ನೆನಪೂ ಇರುವುದಿಲ್ಲ. ಇದನ್ನು ತಡೆಯಲು ಲಸಿಕೆ ಇದೆ. 2017ರ ಫೆಬ್ರವರಿಯಲ್ಲಿ ದೇಶದ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ಶುರುವಾಗಿದ್ದೇ ಬೆಂಗಳೂರಿನಿಂದ. ದಿನ ತುಂಬುವ ಮೊದಲೇ ಹುಟ್ಟಿದ್ದು, ಮಿದುಳು ಜ್ವರ, ಇವೂ ಕಾರಣಗಳೇ. ಕಿವಿಗೆ ಹಸುಗೂಸಿನಲ್ಲೇ ಓಎಇ, ಬೇರಾ ಪರೀಕ್ಷೆ ಮಾಡಬಹುದು, ಮಗು ಕೈ ಎತ್ತಿ ಹೇಳಬೇಕಾಗಿಲ್ಲ, ನಿದ್ದೆ ಮಾಡುತ್ತಿದ್ದರೆ ಸಾಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಸ್ಪೀಚ್ ಅಂಡ್ ಹಿಯರಿಂಗ್ ಸಂಸ್ಥೆಗೆ ಇದಕ್ಕಾಗಿಯೇ ದೂರದೂರದಿಂದ ಜನ ಬರುತ್ತಾರೆ.

ಈಗ ಎರಡನೆಯ ಪ್ರಶ್ನೆ, ಭಾಷೆ. ಹುಟ್ಟಿನಿಂದಲೇ ಎರಡೂ ಇಲ್ಲದ ಮಗುವಿಗೆ ವಸ್ತುವೇ ಮೊದಲ ಮಾತು. ಸ್ನಾನಕ್ಕೆ ಕರೆದುಕೊಂಡು ಹೋಗುವ ಮುಂಚೆ ಚೊಂಬನ್ನು ಕೈಗೆ ಕೊಡಿ. ಊಟಕ್ಕೆ ಅದೇ ಚಮಚ. ಹೊರಗೆ ಹೋಗುವಾಗ ಬ್ಯಾಗಿನ ಪಟ್ಟಿ. ದಿನಾ ಅದೇ ವಸ್ತು, ಪ್ರತಿ ಸಲವೂ ಮೊದಲೇ ಕೊಡಬೇಕು. ಅಮ್ಮ ಬಂದರೆ ಮಗುವಿನ ಕೈಯನ್ನು ತನ್ನ ಬಳೆಗೆ ತಾಗಿಸಬೇಕು, ಅಪ್ಪ ವಾಚಿಗೆ. ಇಲ್ಲದಿದ್ದರೆ ಆ ಮಗುವಿನ ದಿನ ಹೇಗಿರುತ್ತದೆ ಯೋಚಿಸಿ. ಎಲ್ಲಿಂದಲೋ ಯಾರೋ ಬಂದು ಎತ್ತುತ್ತಾರೆ, ಮೈಮೇಲೆ ನೀರು ಬೀಳುತ್ತದೆ. ಕಿರುಚದೆ ಇನ್ನೇನು ಮಾಡಬೇಕು? ಆದರೆ ಅದನ್ನು ಹಟ ಅನ್ನುತ್ತೇವೆ. ಏನಾದರೂ ತೋರಿಸುವಾಗ ಮಗುವಿನ ಕೈ ಹಿಡಿದು ಎಳೆಯಬೇಡಿ. ನಿಮ್ಮ ಕೈ ಕೆಳಗಿರಲಿ, ಮಗುವಿನ ಕೈ ಮೇಲಿರಲಿ, ಬೇಡ ಅನ್ನಿಸಿದರೆ ಬಿಟ್ಟು ಹೋಗಲು ಅದಕ್ಕೆ ಬಿಡುವು ಬೇಕು. ನಾನು ಹೋಗುವ ಒಂದು ಮನೆಯಲ್ಲಿ ಪುಟ್ಟ ಹುಡುಗಿಯೊಬ್ಬಳು ಈಗೀಗ ತಾನಾಗಿಯೇ ಚೊಂಬು ಹುಡುಕಿ ತಂದು ಅಜ್ಜಿಯ ಮಡಿಲಲ್ಲಿ ಹಾಕುತ್ತಾಳೆ, ದಿನಕ್ಕೆ ಮೂರು ಸಲ! ಅಜ್ಜಿ ಗೊಣಗುತ್ತಾರೆ. ನನಗಂತೂ ಖುಷಿ.

ಹೆಲೆನ್ ಕೆಲರ್ ಹೆಸರು ಎಲ್ಲರೂ ಎತ್ತುತ್ತಾರೆ. ಅವರ ಕಣ್ಣು, ಕಿವಿ ಹೋದದ್ದು 19 ತಿಂಗಳಿದ್ದಾಗ. ಅವರಿಗೆ ಕಲಿಸಿದ ಟೀಚರ್ ಆನ್ ಸಲಿವನ್ ಕೆಲರ್ ಮನೆಗೆ ಬಂದದ್ದು 1887ರಲ್ಲಿ, ಸಲಿವನ್ ತೀರಿಹೋದದ್ದು 1936ರಲ್ಲಿ, ಅಲ್ಲಿಯವರೆಗೂ ಜೊತೆಗಿದ್ದರು. ಆ ಕಥೆಯಲ್ಲಿ ನನಗೆ ಮುಖ್ಯ ಅನ್ನಿಸುವುದು ಈ ಭಾಗ.

ದೊಡ್ಡವರಾದ ಮೇಲೆ ಎರಡೂ ಹೋದವರಿಗೆ ಭಾಷೆ ಇದ್ದೇ ಇರುತ್ತದೆ, ದಾರಿ ಮಾತ್ರ ಬೇಕು. ಸನ್ನೆ ಭಾಷೆ ಬರುವವರು ಎದುರಿನವರ ಕೈಮೇಲೆ ಕೈಯಿಟ್ಟು ಸನ್ನೆಯನ್ನು ಮುಟ್ಟಿ ತಿಳಿಯುತ್ತಾರೆ. ಓದು ಬರಹ ಬಲ್ಲವರ ಅಂಗೈ ಮೇಲೆ ತೋರುಬೆರಳಿನಿಂದ ಬರೆಯಬಹುದು. ಒಂದೊಂದೇ ಅಕ್ಷರ, ಎಲ್ಲವೂ ಒಂದೇ ಜಾಗದಲ್ಲಿ, ಪದ ಮುಗಿದಾಗ ಒಂದು ಚಿಕ್ಕ ತಡೆ. ಕನ್ನಡದಲ್ಲಿ ಒತ್ತಕ್ಷರ ಬಂದಾಗ ಅಂಗೈ ಸಾಲುವುದಿಲ್ಲ, ಅದಕ್ಕೆ ಕೆಲವರು ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಕನ್ನಡ ಬರೆಸಿಕೊಳ್ಳುತ್ತಾರೆ. ನಡೆಯುತ್ತದೆ. ಖರ್ಚು ಸೊನ್ನೆ.

ಸರಿ, ಮೆಷಿನ್. ಬ್ರೈಲ್ ಬರುವವರಿಗೆ ನಾನು ಹೇಳುವುದು ಬ್ರೈಲ್ ಡಿಸ್ಪ್ಲೇ. ಆರ್ಬಿಟ್ ರೀಡರ್ 20 ಅಂತ ಒಂದಿದೆ, ಕೈಯಲ್ಲಿ ಹಿಡಿಯುವಷ್ಟೇ ದೊಡ್ಡದು, ಒಂದು ಸಾಲಿನಲ್ಲಿ 20 ಬ್ರೈಲ್ ಅಕ್ಷರ. ಸಣ್ಣ ಸಣ್ಣ ಮೊಳೆಗಳು ಮೇಲೇಳುತ್ತವೆ, ಬೆರಳಾಡಿಸಿ ಓದಿ ಗುಂಡಿ ಒತ್ತಿದರೆ ಅವು ಇಳಿದು ಮುಂದಿನ ಸಾಲು ಏಳುತ್ತದೆ. ಬ್ಲೂಟೂತ್‌ನಲ್ಲಿ ಫೋನಿಗೆ ಜೋಡಿಸಿದರೆ ವಾಟ್ಸ್ಆ್ಯಪ್ ಮೆಸೇಜು ಬೆರಳಿಗೆ ಬರುತ್ತದೆ, ಅದರ ಕೀಗಳಲ್ಲೇ ಉತ್ತರ ಬರೆಯಬಹುದು. ಕಂಪ್ಯೂಟರಿನಲ್ಲಿ ಎನ್‌ವಿಡಿಎ ಅಂತ ಪರದೆಯಲ್ಲಿರುವುದನ್ನು ಓದಿ ಹೇಳುವ, ಉಚಿತವಾಗಿ ಸಿಗುವ ತಂತ್ರಾಂಶ ಹಾಕಿಕೊಂಡರೆ ಕನ್ನಡ ಬ್ರೈಲೂ ಬರುತ್ತದೆ. ಕಣ್ಣು, ಕಿವಿ ಎರಡರಲ್ಲೂ ತೊಂದರೆ ಇದ್ದು 2013ರಲ್ಲಿ ಹಾರ್ವರ್ಡ್ ಲಾ ಸ್ಕೂಲಿನಲ್ಲಿ ಪದವಿ ಪಡೆದ ಹಾಬೆನ್ ಗಿರ್ಮಾ ಜನರೊಂದಿಗೆ ಮಾತಾಡುವುದೇ ಈ ತರಹ. ಎದುರಿನವರು ಕೀಬೋರ್ಡಿನಲ್ಲಿ ಟೈಪ್ ಮಾಡುತ್ತಾರೆ, ಅವರು ಬೆರಳಲ್ಲಿ ಓದಿ ಬಾಯಲ್ಲಿ ಉತ್ತರಿಸುತ್ತಾರೆ. ಬ್ರೈಲ್ ಬರದವರಿಗೆ ಇದೇ ಯಂತ್ರ ತಂದುಕೊಟ್ಟರೆ ದಂಡ. ಉಳಿದಂತೆ ದಿಂಬಿನಡಿ ಇಟ್ಟರೆ ನಡುಗಿ ಎಬ್ಬಿಸುವ ಅಲಾರಂ ಇದೆ, ಕಣ್ಣು, ಕಿವಿ ಎರಡೂ ತೊಂದರೆ ಅಂತ ಎದುರಿನವರಿಗೆ ತಿಳಿಸುವ ಕೆಂಪು ಬಿಳಿ ಪಟ್ಟಿಯ ಕೋಲು ಇದೆ. ನಮ್ಮ ರಸ್ತೆಯಲ್ಲಿ ಆ ಕೆಂಪು ಪಟ್ಟಿಯ ಅರ್ಥ ಎಷ್ಟು ಜನರಿಗೆ ಗೊತ್ತು ಅನ್ನುವುದು ಬೇರೆ ಮಾತು.

ಅಜ್ಜ ಅಜ್ಜಿಯರ ವಿಷಯ ಬಿಡಬಾರದು. ಕರೆದರೆ ಓಗೊಡಲ್ಲ, ಮುಖ ನೋಡಿದರೆ ಗುರುತು ಹಿಡಿಯಲ್ಲ, ಮೂಲೆಯಲ್ಲಿ ಸುಮ್ನೆ ಕೂತಿರುತ್ತಾರೆ ಅಂದರೆ ಮನೆಯವರು ಅದಕ್ಕೆ ಅರಳುಮರಳು ಅಂತ ಹೆಸರಿಟ್ಟುಬಿಡುತ್ತಾರೆ. ಎಷ್ಟೋ ಸಲ ಅದು ಪೊರೆ ಬಂದ ಕಣ್ಣು, ಗುಗ್ಗೆ ತುಂಬಿದ ಇಲ್ಲವೇ ಮಂದವಾದ ಕಿವಿ, ಅಷ್ಟೇ. ಇವರಿಗೆ ಪೊರೆ ಆಪರೇಷನ್, ಕಿವಿ ಮೆಷಿನ್ ಎರಡೂ ಮಾಡಿಸಿ. ಒಂದನ್ನೇ ಮಾಡಿಸಿ "ವಯಸ್ಸಾಯ್ತಲ್ಲ" ಅನ್ನಬೇಡಿ.

ಇನ್ನು ದುಡ್ಡು. 1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಕಣ್ಣು, ಕಿವಿ ಎರಡೂ ತೊಂದರೆ ಇರುವವರಿಗೆ ಬೇರೆ ಜಾಗವೇ ಇರಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಬಹುವಿಧ ಅಂಗವೈಕಲ್ಯದಡಿ ಈ ಜೋಡಿ ತೊಂದರೆಯ ಹೆಸರೂ ಸೇರಿತು. ಉಪಕರಣಕ್ಕೆ ನೆರವು ಕೊಡುವ ಕೇಂದ್ರದ ಎಡಿಐಪಿ ಯೋಜನೆ ಇದೆ, ಅದಕ್ಕೆ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸಿಟ್ಟುಕೊಳ್ಳಿ. ಅರ್ಜಿ ಹಾಕುವಾಗ ಕಣ್ಣಿನದೊಂದೇ, ಕಿವಿಯದೊಂದೇ ಅಂತ ಬರೆಸಬೇಡಿ, ಎರಡೂ ರಿಪೋರ್ಟುಗಳನ್ನು ಒಟ್ಟಿಗೆ ಒಯ್ಯಿರಿ. ಎರಡನ್ನೂ ಒಂದು ಸೂತ್ರದಲ್ಲಿ ಸೇರಿಸಿ ಶೇಕಡಾ ಹಾಕುತ್ತಾರೆ, ಬಹುತೇಕ ಸೌಲಭ್ಯಗಳಿಗೆ ಅದು ಕನಿಷ್ಠ 40 ಇರಬೇಕು. ಕೌಂಟರಿನಲ್ಲಿ "ಯಾವುದಾದ್ರೂ ಒಂದು ಹೇಳಿ" ಅಂದರೆ ಎರಡೂ ಅಂತಲೇ ಹೇಳಿ, ರಿಪೋರ್ಟುಗಳ ಜೆರಾಕ್ಸ್ ನಿಮ್ಮ ಹತ್ತಿರ ಇಟ್ಟುಕೊಳ್ಳಿ.