ಟಿಕೆಟ್ ಏರಿದೆ, ಜಾರುಬಂಡಿ ಸವೆದಿದೆ: ಘಟ್ಟ ಇಳಿದು ವಾಟರ್ ಪಾರ್ಕಿಗೆ

ಜಾತ್ರೆ ಇಲ್ಲದ ವರ್ಷ ಶಿರಸಿಯ ಮಕ್ಕಳಿಗೆ ಬೇಸಿಗೆ ರಜೆ ಮುಗಿಯುವುದೇ ಇಲ್ಲ. ಮಾರಿಕಾಂಬಾ ಜಾತ್ರೆ ಬರುವುದು ಎರಡು ವರ್ಷಕ್ಕೊಮ್ಮೆ. ಆ ವರ್ಷವಾದರೆ ತೊಟ್ಟಿಲು, ದೋಣಿ, ಮಿಠಾಯಿ ಅಂತ ಮನಸಾರೆ ಸುತ್ತಿ, ರಜೆಯಿಡೀ ಅದೇ ಮಾತಾಡಿಕೊಂಡಿರುತ್ತಾರೆ. ಮಧ್ಯದ ವರ್ಷ ಮಾತ್ರ ಪರೀಕ್ಷೆ ಮುಗಿದ ದಿನವೇ ಶುರು: "ವಾಟರ್ ಪಾರ್ಕಿಗೆ ಯಾವಾಗ ಹೋಗೋದು?" ಈ ಸಲ ಅಣ್ಣನ ಮಕ್ಕಳು, ಅಕ್ಕನ ಮಕ್ಕಳು, ನಮ್ಮನೆಯವರು ಎಲ್ಲಾ ಸೇರಿ ಒಂದೇ ರಾಗ ಎಳೆದರು. ಅಡಿಕೆ ಮಾರಿದ ದುಡ್ಡು ಕೈಗೆ ಬಂದಿತ್ತು. ಟಿಟಿ (ಟೆಂಪೊ ಟ್ರಾವೆಲರ್) ಗೊತ್ತು ಮಾಡಿದೆವು.

ಕಡಲು ಇಷ್ಟು ಹತ್ತಿರ ಇರುವಾಗ ದುಡ್ಡು ಕೊಟ್ಟು ನೀರಾಟ ಯಾಕೆ ಅಂತ ಕೆಲವರು ಕೇಳುತ್ತಾರೆ. ಸಣ್ಣ ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಇದರ ಉತ್ತರ ಗೊತ್ತು. 2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ಕು ಹುಡುಗಿಯರು ಮುರುಡೇಶ್ವರದ ಕಡಲಿನಲ್ಲಿ ತೀರಿಕೊಂಡರು. ಆ ಸುದ್ದಿ ಓದಿದ ದಿನ ನಮ್ಮ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ನಮ್ಮ ಕರಾವಳಿಯಲ್ಲಿ ಮೇಲೆ ಶಾಂತವಾಗಿ ಕಾಣುವ ನೀರು ಕೆಳಗಿಂದ ಸೆಳೆಯುತ್ತದೆ. ಈಜು ಬರುವವರನ್ನೂ ಬಿಡುವುದಿಲ್ಲ. ವಾಟರ್ ಪಾರ್ಕಿನಲ್ಲಿ ಸೆಳೆತ ಇಲ್ಲ, ಆಳ ಎಷ್ಟು ಅಂತ ಬರೆದಿರುತ್ತದೆ, ಸೀಟಿ ಹಿಡಿದ ಹುಡುಗರು ಸುತ್ತಲೂ ನಿಂತಿರುತ್ತಾರೆ. ನಮ್ಮಂಥವರು ದುಡ್ಡು ಕೊಡುವುದು ಮುಖ್ಯವಾಗಿ ಆ ಧೈರ್ಯಕ್ಕೆ. ಈ ಮಾತು ನೆನಪಿರಲಿ, ಮುಂದೆ ಹೇಳುವುದೆಲ್ಲಾ ಇದರ ಸುತ್ತವೇ.

ಬೆಳಗಿನ ಜಾವವೇ ಹೊರಟೆವು. ದೇವಿಮನೆ ಘಟ್ಟದಲ್ಲಿ ಡ್ರೈವರ್ ಗಾಡಿ ನಿಲ್ಲಿಸಿ ದೇವಿಗೆ ಕೈ ಮುಗಿದ. ಅಲ್ಲಿಂದ ತಿರುವು ಇಳಿಯುತ್ತಿದ್ದ ಹಾಗೆ ಗಾಳಿ ಬದಲಾಯಿತು. ಮೇಲೆ ಸ್ವೆಟರ್ ಹಾಕಿಕೊಂಡಿದ್ದ ಆಯಿ (ನಮ್ಮ ಅಮ್ಮ) ಕತಗಾಲ ಬರುವುದರೊಳಗೆ ಸೆರಗಿನಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದಳು. ದಿವಗಿಯಲ್ಲಿ ಹೆದ್ದಾರಿ ಸೇರಿ, ಕುಮಟಾದಲ್ಲಿ ಇಡ್ಲಿ ತಿಂದು, ಹೊಳೆಗದ್ದೆ ಟೋಲ್ ದಾಟಿ ದಕ್ಷಿಣಕ್ಕೆ ಹೋದೆವು. ಪಾರ್ಕು ಅಲ್ಲಿಂದ ಇನ್ನೂ ಬಹಳ ದೂರ. ಅದರ ಹೆಸರು ಬರೆಯುವುದಿಲ್ಲ. ಇಂಥ ಪಾರ್ಕಿಗೆ ಹೋಗಿ ಬಂದ ಬೇರೆಯವರನ್ನು ಮಾತಾಡಿಸಿದರೆ ಅವರದ್ದೂ ಹೆಚ್ಚುಕಡಿಮೆ ಇದೇ ಕಥೆ.

ಕೌಂಟರಿನಲ್ಲೇ ಮೊದಲ ಪೆಟ್ಟು. ಕೊರೊನಾಕ್ಕೆ ಮೊದಲು ನಾವು ಬಂದಾಗ ದೊಡ್ಡವರ ಟಿಕೆಟ್ 600 ರೂಪಾಯಿಯ ಒಳಗಿತ್ತು. ಈಗ 1,200. ವಾರದ ದಿನ ಒಂದು ದರ, ಶನಿವಾರ ಭಾನುವಾರ ಇನ್ನೊಂದು, ಬೇಸಿಗೆ ರಜೆಗೆ ಮತ್ತೊಂದು. ಮಕ್ಕಳ ಟಿಕೆಟ್ ವಯಸ್ಸಿನ ಮೇಲೆ ಅಲ್ಲ, ಎತ್ತರದ ಮೇಲೆ. ಗೋಡೆಗೆ ಬರೆದ ಗೆರೆಯ ಪಕ್ಕ ಮಗುವನ್ನು ನಿಲ್ಲಿಸಿ ನೋಡುತ್ತಾರೆ. ಅಕ್ಕನ ಮಗ ಉದ್ದ ಬೆಳೆದಿದ್ದಾನೆ, ಐದನೇ ಕ್ಲಾಸಿಗೇ ಫುಲ್ ಟಿಕೆಟ್ ಆಯಿತು. ಮೇಲಿಂದ ನೈಲಾನ್ ಬಟ್ಟೆಯ ಬಾಡಿಗೆ, ಲಾಕರಿನ ಬಾಡಿಗೆ, ಅದಕ್ಕೆ ಡಿಪಾಸಿಟ್. ಗಾಡಿ ನಿಲ್ಲಿಸಿದ್ದಕ್ಕೆ ಬೇರೆ.

"ಯಾಕಮ್ಮ ಇಷ್ಟು ಜಾಸ್ತಿ?" ಅಂತ ಅಣ್ಣ ಕೇಳಿದ. "ಟ್ಯಾಕ್ಸ್ ಜಾಸ್ತಿ ಸರ್" ಅಂದಳು ಕೌಂಟರಿನ ಹುಡುಗಿ. ಅವಳಿಗೆ ಹಾಗೆ ಹೇಳಲು ಕಲಿಸಿರಬೇಕು, ಅವಳ ಮೇಲೆ ಸಿಟ್ಟಿಲ್ಲ. ಆದರೆ ಅದು ನಿಜ ಅಲ್ಲ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಇಂಥ ಪಾರ್ಕುಗಳ ಟಿಕೆಟಿಗೆ ಶೇ. 28 ತೆರಿಗೆ ಇತ್ತು. ಮರುವರ್ಷ, 2018ರ ಜನವರಿಯಲ್ಲೇ, ಅದನ್ನು ಶೇ. 18ಕ್ಕೆ ಇಳಿಸಿದರು. ತೆರಿಗೆ ಇಳಿದ ಮೇಲೆ ಏರಿದ ದರ ಇದು. ಕರೆಂಟಿನ ಖರ್ಚು, ಡೀಸೆಲ್, ಸಂಬಳ ಏರಿದೆ ಅಂದಿದ್ದರೆ ನಾನು ಒಪ್ಪುತ್ತಿದ್ದೆ. ಹಗಲಿಡೀ ಪಂಪ್ ಓಡಿಸುವುದು ಸಣ್ಣ ಖರ್ಚಲ್ಲ. ಹಾಗೆ ಕೊಟ್ಟ ದುಡ್ಡು ಒಳಗೆ ಎಲ್ಲಾದರೂ ಕಾಣಬೇಕಲ್ವಾ?

ಒಳಗೆ ಕಂಡಿದ್ದು ಹಗ್ಗ. ಎಲ್ಲಿ ನೋಡಿದರೂ ಹಗ್ಗ ಕಟ್ಟಿ 'ಮೇಂಟೆನೆನ್ಸ್' ಅಂತ ಬೋರ್ಡ್ ತೂಗಿಸಿದ್ದರು. ಮಕ್ಕಳು ವರ್ಷದಿಂದ ಕನಸು ಕಂಡಿದ್ದ ಅತಿ ಎತ್ತರದ ಜಾರುಬಂಡಿ ಬಂದ್. ಟ್ಯೂಬಿನಲ್ಲಿ ಕೂತು ಸುತ್ತುವ ಸೋಮಾರಿ ಹೊಳೆಯಲ್ಲಿ ನೀರು ನಿಂತೇ ಇತ್ತು, ಕೈಯಿಂದ ನೂಕಿಕೊಂಡು ಹೋಗಬೇಕು. ಅಣ್ಣನ ಮಗಳು ಆ ಎತ್ತರದ ಜಾರುಬಂಡಿಯ ಕೆಳಗೆ ಸುಮಾರು ಹೊತ್ತು ನಿಂತಿದ್ದಳು. ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡುವುದು ಸುಲಭವಿತ್ತು. ಟಿಕೆಟ್ ಕೊಡುವಾಗ ಇದನ್ನು ಯಾರೂ ಹೇಳಲಿಲ್ಲ, ದರದಲ್ಲೂ ಒಂದು ರೂಪಾಯಿ ಕಡಿಮೆ ಮಾಡಲಿಲ್ಲ. ನನಗೆ ಅತಿ ಹೆಚ್ಚು ಸಿಟ್ಟು ಬಂದಿದ್ದು ಇದಕ್ಕೇ.

ತೆರೆದಿದ್ದ ಜಾರುಬಂಡಿಗಳ ಮುಂದೆ ಉದ್ದ ಸಾಲು. ಮೆಟ್ಟಿಲು ಹತ್ತಿ ಕಾಯುವಾಗ ನನಗೆ ಹತ್ತಿರದಿಂದ ನೋಡಲು ಬೇಕಾದಷ್ಟು ಸಮಯ ಸಿಕ್ಕಿತು. ಜಾರುಬಂಡಿ ಮಾಡುವುದು ಫೈಬರ್‌ಗ್ಲಾಸಿನಿಂದ. ಅದರ ಮೇಲೆ ನುಣುಪಾದ ಬಣ್ಣದ ಒಂದು ಪದರ ಇರುತ್ತದೆ. ಬಿಸಿಲಿಗೆ ಆ ಪದರ ಬಿಳಚಿಕೊಂಡು ಪುಡಿ ಏಳುತ್ತದೆ, ಸವೆಯುತ್ತದೆ. ಆಗಾಗ ಉಜ್ಜಿ, ವ್ಯಾಕ್ಸ್ ಹಚ್ಚಿ, ಬೇಕಾದಲ್ಲಿ ಹೊಸ ಪದರ ಕೊಡಬೇಕು. ಇಲ್ಲಿ ನೀಲಿ ಬಣ್ಣ ಮಾಸಿ ಬೂದಿಯಾಗಿತ್ತು. ಎರಡು ತುಂಡು ಸೇರುವ ಕಡೆ ಪದರ ಕಿತ್ತುಹೋಗಿ ಒಳಗಿನ ಬಿಳಿ ಎಳೆ ಕೂದಲಿನ ಹಾಗೆ ಎದ್ದು ನಿಂತಿತ್ತು. ಬೆರಳು ಸವರಿದೆ, ಚುಚ್ಚಿತು. ಪಕ್ಕದ ಬೋಲ್ಟಿನಿಂದ ತುಕ್ಕಿನ ನೀರು ಇಳಿದು ಕೆಂಪು ಗೆರೆಯಾಗಿತ್ತು. ಉಪ್ಪುಗಾಳಿ ಕಬ್ಬಿಣ ತಿನ್ನುತ್ತದೆ ಅಂತ ಕರಾವಳಿಯಲ್ಲಿ ಮನೆ ಕಟ್ಟಿದವರಿಗೆಲ್ಲಾ ಗೊತ್ತು, ಇಲ್ಲಿ ಖರ್ಚು ಜಾಸ್ತಿ ಮಾಡಲೇಬೇಕು. ಅಕ್ಕನ ಮಗ ಕೆಳಗೆ ಬಂದಾಗ ಅವನ ಬೆನ್ನಿನ ಮೇಲೆ ಭುಜದಿಂದ ಸೊಂಟದವರೆಗೆ ಗೀರು ಎದ್ದಿತ್ತು.

"ಎಂತ ಆತೋ ತಮಾ?" ಅಂತ ಆಯಿ ಓಡಿ ಬಂದಳು. "ಎಂತೂ ಇಲ್ಲೆ ಅಮ್ಮಮ್ಮ" ಅಂದ. ಮನೆಗೆ ಕರೆದುಕೊಂಡು ಹೋಗಿಬಿಡುತ್ತಾರೇನೋ ಅನ್ನುವ ಹೆದರಿಕೆ ಅವನಿಗೆ.

ಗೀರಿಗಿಂತ ನನ್ನನ್ನು ಹೆದರಿಸಿದ್ದು ಬೇರೆ. ಜಾರುಬಂಡಿಗೆ ಮೇಲೊಬ್ಬ, ಕೆಳಗೊಬ್ಬ ಇರಬೇಕು. ಜಾರಿದವರು ಕೆಳಗಿನ ಕೊಳದಿಂದ ಎದ್ದು ಹೋದ ಮೇಲೆ ಕೆಳಗಿನವನು ಕೈ ಎತ್ತಬೇಕು, ಆಮೇಲೆ ಮೇಲಿನವನು ಮುಂದಿನವರನ್ನು ಬಿಡಬೇಕು. ಒಬ್ಬರ ಮೇಲೊಬ್ಬರು ಬಂದು ಬೀಳದಿರಲು ಇರುವ ದಾರಿ ಇದು. ನಾವು ಹೋದ ದಿನ ಮೇಲೆ ಯಾರೂ ಇರಲಿಲ್ಲ. ಕೆಳಗೆ ಒಬ್ಬ ಹುಡುಗ, ಎರಡು ಜಾರುಬಂಡಿಗೂ ಅಲೆ ಕೊಳಕ್ಕೂ ಸೇರಿ ಅವನೊಬ್ಬನೇ. ಬಿಸಿಲಿಗೆ ಮುಖ ಕಪ್ಪಿಟ್ಟಿತ್ತು, ಸೀಟಿ ಊದಿ ಊದಿ ಗಂಟಲು ಕಟ್ಟಿತ್ತು. ಮಾತಾಡಿಸಿದೆ. ಮುಂಡಗೋಡ ಕಡೆಯವನು. "ಮೊದಲು ಒಂದೊಂದಕ್ಕೆ ಇಬ್ಬರು ಇದ್ದರು ಸರ್. ಈಗ ಸೀಜನ್ನಿಗೆ ಅಂತ ನಮ್ಮನ್ನು ತಗೋತಾರೆ, ಮಳೆ ಬಂದ ಕೂಡಲೇ ಕಳಿಸ್ತಾರೆ" ಅಂದ. ಮಾತಾಡುವಾಗಲೂ ಕಣ್ಣು ನೀರಿನ ಮೇಲೇ ಇತ್ತು. ಅವನ ಕೆಲಸದಲ್ಲಿ ಕೊರತೆ ಇರಲಿಲ್ಲ. ಅವನ ಪಕ್ಕ ನಿಲ್ಲಬೇಕಾದವರೇ ಇರಲಿಲ್ಲ. ಕಡಲಿನ ಭಯಕ್ಕೆ ಇಲ್ಲಿಗೆ ಬಂದವರು ನಾವು. ಸಂಬಳ ಉಳಿಸಲು ಕಾಯುವವರನ್ನೇ ಕಡಿಮೆ ಮಾಡಿದರೆ ಆ ಟಿಕೆಟಿಗೆ ಏನು ಅರ್ಥ? ಆಮೇಲೆ ನಾವು ದೊಡ್ಡವರು ಪಾಳಿ ಹಾಕಿಕೊಂಡು ಒಬ್ಬರು ಮೇಲೆ, ಒಬ್ಬರು ಕೆಳಗೆ ನಿಂತೆವು. ಬೇರೆಯವರ ಮಕ್ಕಳನ್ನೂ ಬಿಡುವುದು ನಮ್ಮ ಕೆಲಸವಾಯಿತು.

ಅಲೆ ಎಬ್ಬಿಸುವ ಮೊದಲು ಕೂಗುವ ಅಲೆ ಕೊಳದ ಸೈರನ್ ಬೆಳಗಿನಿಂದ ಒಂದೋ ಎರಡೋ ಸಲ ಕೂಗಿರಬೇಕು. ಮೊದಲು ಗಂಟೆಗೊಮ್ಮೆ ಕೂಗುತ್ತಿತ್ತು. ಕೂಗಿದ ಕೂಡಲೇ ಮಕ್ಕಳೆಲ್ಲಾ ಕಿರುಚಿಕೊಂಡು ಓಡಿ ಬರುತ್ತಿದ್ದರು.

ನೀರಿನ ಬಗ್ಗೆ ಹೇಳಲೇಬೇಕು. ಮಧ್ಯಾಹ್ನದ ಹೊತ್ತಿಗೆ ಎಲ್ಲರ ಕಣ್ಣೂ ಕೆಂಪು. ಮೂಗಿಗೆ ಹೊಡೆಯುವ ವಾಸನೆ. "ಕ್ಲೋರಿನ್ ಜಾಸ್ತಿ ಹಾಕಿದ್ದಾರೆ, ನೀರು ಚೊಕ್ಕ ಇದೆ ಅಂತ ಅರ್ಥ" ಅಂದಳು ಅತ್ತಿಗೆ. ಭಾವ ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುತ್ತಾರೆ. ಅವರು ತಲೆ ಅಲ್ಲಾಡಿಸಿದರು. ಚೊಕ್ಕ ನೀರಿನಲ್ಲಿ ಕ್ಲೋರಿನ್ ಅಷ್ಟು ನಾರುವುದಿಲ್ಲವಂತೆ. ಬೆವರು, ಮೂತ್ರದ ಜೊತೆ ಕ್ಲೋರಿನ್ ಸೇರಿದಾಗ ಕ್ಲೋರಮೈನ್ ಅನ್ನುವುದು ಹುಟ್ಟುತ್ತದೆ. ಕಣ್ಣು ಉರಿಸುವುದು, ಈಜುಕೊಳದ ವಾಸನೆ ಅಂತ ನಾವು ಹೇಳುವುದು, ಎರಡೂ ಅದೇ. ಅದು ಬಂತೆಂದರೆ ಜನರ ಲೆಕ್ಕಕ್ಕೆ ಹೊಸ ನೀರು ಬಿಟ್ಟಿಲ್ಲ, ಫಿಲ್ಟರ್ ಸಾಲುತ್ತಿಲ್ಲ ಅಂತ. "ಕ್ಲೋರಿನ್ ಎಷ್ಟಿದೆ, ಪಿಎಚ್ ಎಷ್ಟಿದೆ ಅಂತ ದಿನಾ ಅಳೆದು ಬೋರ್ಡಿನ ಮೇಲೆ ಬರೀಬೇಕು. ಎಲ್ಲಿದೆ ಬೋರ್ಡು?" ಅಂತ ಹುಡುಕಿದರು. ಬೋರ್ಡ್ ಇತ್ತು. ಅದರ ಮೇಲೆ ಐಸ್‌ಕ್ರೀಂ ಜಾಹೀರಾತು ಅಂಟಿಸಿದ್ದರು.

ಊಟದ ಕಥೆ ಬೇಗ ಮುಗಿಸುತ್ತೇನೆ. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ. ಆಯಿ ಮಾಡಿಕೊಂಡು ಬಂದ ಚಕ್ಕುಲಿ, ತೊಡದೇವು, ಕೋಕಂ ಪಾನಕ ಎಲ್ಲಾ ಗಾಡಿಯಲ್ಲೇ ಉಳಿಯಿತು. ಒಳಗೆ ತಣ್ಣಗಾದ ಪಲಾವು, ಅಂಗಡಿಯಲ್ಲಿ 20 ರೂಪಾಯಿಗೆ ಸಿಗುವ ನೀರಿನ ಬಾಟಲಿಗೆ 50. ಹೋಟೆಲಿನವರು ಎಂಆರ್‌ಪಿಗಿಂತ ಜಾಸ್ತಿ ತೆಗೆದುಕೊಳ್ಳಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಲ್ಲಿ ನೀರಿನ ಜೊತೆ ಕೂರುವ ಜಾಗ, ಬಡಿಸುವ ಸೇವೆ ಎಲ್ಲಾ ಇರುತ್ತದೆ ಅನ್ನುವುದು ಅದರ ಹಿಂದಿನ ಮಾತು. ಇಲ್ಲಿ ಆಯಿಗೆ ಕೂರಲು ಕುರ್ಚಿ ಸಿಗಲಿಲ್ಲ. ಕುಡಿಯುವ ನೀರಿನ ನಲ್ಲಿ ಒಣಗಿತ್ತು. ಮೇ ತಿಂಗಳ ಬಿಸಿಲಿನಲ್ಲಿ ಬಾಯಾರಿದ ಮಗುವಿಗೆ ಬಿಟ್ಟಿ ನೀರು ಇಡದೇ ಇರುವುದು ಯಾವ ಲೆಕ್ಕದಲ್ಲೂ ಸರಿ ಅಲ್ಲ.

ಹೊರಡುವಾಗ ಮ್ಯಾನೇಜರನ್ನು ಕಂಡೆವು. "ರಿಪೇರಿ ಎಲ್ಲಾ ಮಳೆಗಾಲದಲ್ಲಿ ಮಾಡ್ತೀವಿ, ಈಗ ಸೀಜನ್" ಅಂದರು. ಹೋದ ಮಳೆಗಾಲದಲ್ಲಿ ಏನು ಮಾಡಿದಿರಿ ಅಂತ ಭಾವ ಕೇಳಿದರು. ಅವರು ಬೇರೆ ಕಡೆ ನೋಡಿದರು.

ರಾತ್ರಿ ಹೊನ್ನಾವರದ ಹತ್ತಿರ ಕರ್ಕಿಯಲ್ಲಿರುವ ಅತ್ತೆಯ ಮನೆಯಲ್ಲಿ ಉಳಿದೆವು. ಅತ್ತೆ ಮಾಣಿಯ, ಅಂದರೆ ಅಕ್ಕನ ಮಗನ, ಬೆನ್ನಿಗೆ ತೆಂಗಿನೆಣ್ಣೆ ಹಚ್ಚಿದಳು, ಎಲ್ಲರಿಗೂ ಅಪ್ಪೆಹುಳಿ ಬಡಿಸಿದಳು. ಮರುದಿನ ಬೆಳಿಗ್ಗೆ ಶರಾವತಿ ಸೇತುವೆ ದಾಟಿ ಕಾಸರಕೋಡಿನ ಕಾಂಡ್ಲಾ ವನಕ್ಕೆ (ಮ್ಯಾಂಗ್ರೋವ್ ಕಾಡಿಗೆ) ಹೋಗಿ ಅಂತ ಅವಳೇ ಹೇಳಿದ್ದು. ಕೆಸರಿನ ಮೇಲೆ ಮರದ ಕಾಲುದಾರಿ ಕಟ್ಟಿದ್ದಾರೆ. ಪಾರ್ಕಿನ ಒಂದು ಬಾಟಲಿ ನೀರಿಗಿಂತ ಇಲ್ಲಿನ ಟಿಕೆಟ್ ಕಡಿಮೆ ಇತ್ತು. ಮಕ್ಕಳು ಮೊದಲು ಮುಖ ಊದಿಸಿಕೊಂಡೇ ಇಳಿದರು. ಸ್ವಲ್ಪ ದೂರ ನಡೆದ ಮೇಲೆ ಬಗ್ಗಿ ನೋಡಲು ಶುರು ಮಾಡಿದರು. ಕೆಸರಿನಿಂದ ನೂರಾರು ಉಸಿರು ಬೇರುಗಳು ಪೆನ್ಸಿಲ್ ಗಾತ್ರಕ್ಕೆ ಮೇಲೆದ್ದಿದ್ದವು. ಅವುಗಳ ನಡುವೆ ಏಡಿಗಳು ಒಂದು ಕೊಂಬು ಬೀಸುತ್ತಾ ಓಡಾಡುತ್ತಿದ್ದವು. ಇನ್ನೊಂದು ಜಾತಿಯ ಕಾಂಡ್ಲಾದಲ್ಲಿ ಬೀಜ ಮರದಲ್ಲಿರುವಾಗಲೇ ಮೊಳಕೆ ಬಂದು ಉದ್ದಕ್ಕೆ ಜೋತು ಬಿದ್ದಿತ್ತು. ಅದು ಹಾಗೇ ಕೆಳಗೆ ಬಿದ್ದು ಕೆಸರಿಗೆ ನಾಟಿಕೊಳ್ಳುತ್ತದೆ ಅಂತ ಭಾವ ಹೇಳಿದ್ದೇ ತಡ, ಬೀಳುವುದನ್ನು ನೋಡಿಯೇ ಹೋಗುತ್ತೇವೆ ಅಂತ ಮಕ್ಕಳು ಕೂತುಬಿಟ್ಟರು. ಸವೆದ ಹಲಗೆ ತೆಗೆದು ಹೊಸದು ಹಾಕಿದ ಕಡೆ ಮರದ ಬಣ್ಣ ಬೇರೆ ಇತ್ತು. ನಿನ್ನೆಯ ಜಾರುಬಂಡಿ ನೋಡಿ ಬಂದವನಿಗೆ ಆ ಹೊಸ ಹಲಗೆ ಕಂಡು ಎಷ್ಟು ಖುಷಿಯಾಯಿತು ಅಂತ ಹೇಳಲಾರೆ.

ಅಲ್ಲಿಂದ ಹತ್ತಿರದಲ್ಲೇ ಕಾಸರಕೋಡಿನ ಇಕೋ ಬೀಚ್. 2020ರಲ್ಲಿ ಇದಕ್ಕೂ ಪಡುಬಿದ್ರಿಗೂ ಬ್ಲೂ ಫ್ಲ್ಯಾಗ್ ಸಿಕ್ಕಿತು, ಚೊಕ್ಕ, ಸುರಕ್ಷಿತ ಕಡಲತೀರಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ ಅದು. ಆ ಬಾವುಟ ಸಿಗಲು 33 ಅಂಶಗಳಲ್ಲಿ ಪಾಸಾಗಬೇಕು. ನೀರನ್ನು ಪರೀಕ್ಷೆ ಮಾಡಿಸಿ ಅದರ ಫಲಿತಾಂಶವನ್ನು ಜನರಿಗೆ ಕಾಣುವಂತೆ ಹಾಕಬೇಕು ಅನ್ನುವುದು ಅವುಗಳಲ್ಲಿ ಒಂದು. ಜೀವರಕ್ಷಕರು ಅಥವಾ ಜೀವ ಉಳಿಸುವ ಸಲಕರಣೆ ಸಾಕಷ್ಟು ಇರಬೇಕು ಅನ್ನುವುದು ಇನ್ನೊಂದು. ತೆರೆದ ಕಡಲಿನ ನೀರನ್ನೇ ಅಳೆದು ಬರೆಯಬಹುದಾದರೆ, ಸಿಮೆಂಟಿನ ಕೊಳದ ನೀರಿಗೆ ಅದು ಯಾಕೆ ಆಗುವುದಿಲ್ಲ?

ಮನೆಗೆ ಬಂದ ವಾರ ಪಾರ್ಕಿನ ಮಾಲೀಕರಿಗೆ ಪತ್ರ ಬರೆದೆವು. ಎಲ್ಲಾ ನಡೆಯುವ ದಿನದ ದರ ಇಳಿಸಿ ಅಂತ ಅದರಲ್ಲಿ ಎಲ್ಲೂ ಕೇಳಿಲ್ಲ. ಕೇಳಿದ್ದು ಇಷ್ಟು: ಇವತ್ತು ಯಾವ್ಯಾವುದು ಬಂದ್ ಇದೆ ಅಂತ ಕೌಂಟರಿನಲ್ಲೇ ಬರೆದು ಹಾಕಿ, ಅಷ್ಟಕ್ಕೆ ತಕ್ಕ ಹಾಗೆ ಟಿಕೆಟ್ ಕಡಿಮೆ ಮಾಡಿ. ಪ್ರತಿ ಜಾರುಬಂಡಿಗೆ ಇಬ್ಬರನ್ನು ನಿಲ್ಲಿಸಿ. ನೀರಿನ ಬೋರ್ಡಿನ ಮೇಲಿನ ಐಸ್‌ಕ್ರೀಂ ಚಿತ್ರ ತೆಗೆದು ನೀರಿನ ಲೆಕ್ಕ ಬರೆಯಿರಿ. ಕುಡಿಯುವ ನೀರು ಬಿಡಿ. ಉತ್ತರಕ್ಕೆ ಕಾಯುತ್ತಿದ್ದೇವೆ. ಬರದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ, ಕಾರವಾರದಲ್ಲಿ ಜಿಲ್ಲಾ ಗ್ರಾಹಕ ಆಯೋಗ ಇದೆ. 2019ರ ಕಾಯ್ದೆ ಬಂದ ಮೇಲೆ ನಾವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಟಿಕೆಟ್, ಲಾಕರಿನ ಚೀಟಿ, ಬಾಟಲಿಯ ಬಿಲ್ಲು, ಮಾಣಿಯ ಬೆನ್ನಿನ ಫೋಟೋ ಎಲ್ಲಾ ಭಾವ ಒಂದು ಫೈಲಿಗೆ ಹಾಕಿಟ್ಟಿದ್ದಾರೆ. ಈ ರಜೆಯಲ್ಲಿ ಹೋಗುವವರಿದ್ದರೆ ಬಿಲ್ಲು ಬಿಸಾಡಬೇಡಿ. ಟಿಕೆಟ್ ಕೊಳ್ಳುವ ಮೊದಲೇ, ಯಾವುದು ನಡೆಯುತ್ತಿದೆ, ಯಾವುದು ಇಲ್ಲ ಅಂತ ಬಾಯಿಬಿಟ್ಟು ಕೇಳಿ.