ಒಡೆಯನನ್ನು ಏನೆಂದು ಕರೆಯುತ್ತಾರೆ? ಜಪಾನಿನಲ್ಲಿ ಕೂತು ‘ಒನ್ ಪೀಸ್’ ಖಳರನ್ನು ಓದುವಾಗ

ಜಪಾನಿನ ಕಚೇರಿಗೆ ಬಂದವರು ಮೊದಲು ಕಲಿಯಬೇಕಾದದ್ದು ಯಾರನ್ನು ಏನೆಂದು ಕರೆಯಬೇಕು ಎಂಬುದನ್ನು. ವಿಭಾಗದ ಮುಖ್ಯಸ್ಥರು ‘ಬುಚೊ’, ಕಂಪನಿಯ ಅಧ್ಯಕ್ಷರು ‘ಶಾಚೊ’. ಜೊತೆಯವರ ಮನೆತನದ ಹೆಸರಿಗೆ ‘ಸಾನ್’ ಸೇರುತ್ತದೆ. ಅದೇ ಬುಚೊ ವಿಷಯ ಹೊರಗಿನ ಗ್ರಾಹಕರ ಮುಂದೆ ಬಂದರೆ ಗೌರವದ ಪದ ಬಿಟ್ಟು ಬರೀ ಹೆಸರು ಹೇಳಬೇಕು. ಕಿವಿ ಇಷ್ಟು ಪಳಗಿದ ಮೇಲೆ ‘ಒನ್ ಪೀಸ್’ ಓದಿದರೆ ಅಲ್ಲಿನ ಖಳರು ಬೇರೆಯೇ ಆಗಿ ಕಾಣುತ್ತಾರೆ. ಐಇಚಿರೊ ಓದಾ 1997ರಿಂದ ‘ಶೊನೆನ್ ಜಂಪ್’ ವಾರಪತ್ರಿಕೆಯಲ್ಲಿ ಬರೆಯುತ್ತಿರುವ, ನೂರು ಸಂಪುಟ ದಾಟಿದ ಈ ಮಾಂಗಾದಲ್ಲಿ, ಅಂದರೆ ಕಡಲ್ಗಳ್ಳರ ಚಿತ್ರಕಥೆಯಲ್ಲಿ, ಒಬ್ಬೊಬ್ಬ ನಾಯಕನಿಗೂ ಅವನ ಆಳುಗಳು ಬಳಸುವ ಪದ ಬೇರೆ ಬೇರೆ. ಅವನು ಗುಂಪನ್ನು ಹೇಗೆ ನಡೆಸುತ್ತಾನೆ, ಎಲ್ಲಿ ಮುರಿಯುತ್ತಾನೆ ಎರಡೂ ಆ ಪದದಲ್ಲೇ ಸಿಗುತ್ತವೆ.

ಕ್ರೊಕೊಡೈಲ್‌ನ ಹೆಸರು ಬರೀ ಅಂಕಿ: ‘ಮಿಸ್ಟರ್ 0’. ಅವನ ಬರೋಕ್ ವರ್ಕ್ಸ್ ಎಂಬ ಗುಪ್ತ ಸಂಘದಲ್ಲಿ ಗಂಡಸರಿಗೆ ಸಂಖ್ಯೆ, ಜೊತೆಗಾತಿಯರಿಗೆ ವಾರದ ಇಲ್ಲವೆ ಹಬ್ಬದ ದಿನದ ಹೆಸರು. ಸಂಖ್ಯೆ ಚಿಕ್ಕದಾದಷ್ಟೂ ಬಲ ಹೆಚ್ಚು. ಒಬ್ಬರ ಗುರುತು ಇನ್ನೊಬ್ಬರಿಗೆ ತಿಳಿಯಬಾರದು, ಒಡೆಯ ಯಾರೆಂದು ಕೇಳಲೂ ಬಾರದು. ಒಂದು ರಾಜ್ಯವನ್ನು ಒಳಗಿನಿಂದ ಕಬಳಿಸಲು ಹೊರಟವನಿಗೆ ಇದು ಒಳ್ಳೆಯ ಏರ್ಪಾಡು. ಒಬ್ಬ ಸಿಕ್ಕಿಬಿದ್ದರೂ ಉಳಿದವರು ಸುರಕ್ಷಿತ.

ಆದರೆ ಮುಖವೂ ದನಿಯೂ ಗೊತ್ತಿಲ್ಲದ ಕಡೆ ಬಂದ ವರದಿಯನ್ನು ತಾಳೆ ನೋಡುವುದು ಹೇಗೆ? ಲಿಟ್ಲ್ ಗಾರ್ಡನ್ ದ್ವೀಪದಲ್ಲಿ ಮಿಸ್ಟರ್ 3ರ ಅಡಗುತಾಣಕ್ಕೆ ಕರೆ ಬಂದಾಗ ಎತ್ತಿಕೊಂಡವನು ಎದುರಾಳಿಯಾದ ಕಥಾನಾಯಕನ ಹಡಗಿನ ಅಡುಗೆಯವ ಸಾಂಜಿ. ಕೆಲಸ ಮುಗಿಯಿತು, ಎಲ್ಲರೂ ಸತ್ತರು ಎಂದ. ಒಡೆಯ ನಂಬಿದ. ಅಲಬಾಸ್ಟಾ ದೇಶಕ್ಕೆ ದಾರಿ ತೋರುವ ದಿಕ್ಸೂಚಿಯೂ ಅಲ್ಲೇ ಸಾಂಜಿಯ ಕೈಸೇರಿತು. ಮುಂದೆ ಮಿಸ್ಟರ್ 2 ಸಮುದ್ರದಲ್ಲಿ ಅದೇ ಹಡಗಿನವರನ್ನು ಭೇಟಿಯಾಗುತ್ತಾನೆ. ಅವರು ಯಾರೆಂದು ಅವನಿಗೆ ಯಾರೂ ಹೇಳಿಲ್ಲ. ಹಾಗಾಗಿ ಮುಖ ಬದಲಿಸುವ ತನ್ನ ವಿದ್ಯೆಯನ್ನು, ತಾನು ಕದ್ದಿದ್ದ ಅಲಬಾಸ್ಟಾ ದೊರೆಯ ಮುಖದ ಸಮೇತ, ಖುಷಿಯಿಂದ ಅವರಿಗೇ ತೋರಿಸಿಬಿಡುತ್ತಾನೆ. ಅವರು ತಮ್ಮವರನ್ನು ಗುರುತು ಹಿಡಿಯಲು ತೋಳಿನ ಮೇಲೆ ಗುರುತು ಹಾಕಿ ಬಟ್ಟೆ ಸುತ್ತಿಕೊಂಡರು. ಅವನ ದೊಡ್ಡ ಅಸ್ತ್ರ ಯುದ್ಧಕ್ಕೆ ಮುಂಚೆಯೇ ಮೊಂಡಾಯಿತು. ಜಪಾನಿನ ಕಂಪನಿಗಳು ಹೊಸಬರಿಗೆ ಕಲಿಸುವ ‘ಹೊ-ರೆನ್-ಸೊ’, ಅಂದರೆ ವರದಿ ಮಾಡು, ತಿಳಿಸು, ಕೇಳಿ ಮುಂದುವರಿ ಎಂಬ ಮೂರು ಪಾಠಗಳಲ್ಲಿ ಕ್ರೊಕೊಡೈಲ್ ಉಳಿಸಿಕೊಂಡದ್ದು ಮೊದಲನೆಯದನ್ನು ಮಾತ್ರ.

ಡೊಫ್ಲಾಮಿಂಗೊನನ್ನು ಆಳುಗಳು ‘ವಾಕಾ’ ಎನ್ನುತ್ತಾರೆ. ನಮ್ಮ ಕಡೆಯ ‘ಚಿಕ್ಕ ಧಣಿ’ಗೆ ಅದು ತೀರ ಹತ್ತಿರ. ಮೇಲಿನ ಕೆಲವರು ಮಾತ್ರ ‘ದೊಫಿ’ ಎಂದು ಸಲುಗೆಯಿಂದ ಕರೆಯಬಹುದು. ಆ ಸಲುಗೆಗೆ ಕಾರಣವಿದೆ: ಟ್ರೆಬೋಲ್ ಮತ್ತು ಅವನ ಜೊತೆಯವರೇ ಬೀದಿಪಾಲಾಗಿದ್ದ ಹುಡುಗನ ಕೈಗೆ ಪಿಸ್ತೂಲು, ಮಾಯಾಹಣ್ಣು ಕೊಟ್ಟು ದೊರೆಯಾಗಿ ಬೆಳೆಸಿದವರು. ಈ ಗುಂಪಿನ ಹೆಸರೇ ಕುಟುಂಬ. ಅದರವರನ್ನು ಗೇಲಿ ಮಾಡಿದವರಿಗೆ ಸಾವು. ಒಳಗಿನವರಿಗೆ ಇಷ್ಟು ಬೆಚ್ಚನೆಯ ನಾಯಕ ಖಳರಲ್ಲಿ ಬೇರೊಬ್ಬನಿಲ್ಲ ಎಂದೇ ನಮ್ಮ ಅನಿಸಿಕೆ. ಅದಕ್ಕೇ ಅವನು ಹೆಚ್ಚು ಅಪಾಯಕಾರಿ. ಆದರೆ ಡ್ರೆಸ್‌ರೋಸಾ ರಾಜ್ಯದ ಇಡೀ ಗುಟ್ಟು ಶುಗರ್ ಎಂಬ ಒಬ್ಬಳ ಮೇಲೆ ನಿಂತಿತ್ತು. ಅವಳು ಮುಟ್ಟಿದವರು ಆಟಿಕೆಗಳಾಗುತ್ತಾರೆ, ಮನೆಯವರಿಗೂ ಅವರ ನೆನಪು ಅಳಿಯುತ್ತದೆ. ಕುಟುಂಬದ ಮೇಲಿನ ನಂಬಿಕೆಯಿಂದ ಡೊಫ್ಲಾಮಿಂಗೊ ಬದಲಿ ಏರ್ಪಾಡನ್ನೇ ಮಾಡಿರಲಿಲ್ಲ. ಸಾಂಜಿಯ ಹಡಗಿನವನೇ ಆದ ಉಸೊಪ್‌ನ ವಿಕಾರ ಮುಖಕ್ಕೆ ಬೆಚ್ಚಿ ಅವಳು ಮೂರ್ಛೆ ಹೋದ ಕ್ಷಣವೇ ಆಟಿಕೆಗಳೆಲ್ಲ ಮನುಷ್ಯರಾಗಿ, ಊರಿಗೆ ಊರೇ ಎಲ್ಲವನ್ನೂ ನೆನಪಿಸಿಕೊಂಡಿತು.

ಕೈಡೊನ ಅಧಿಕೃತ ಪದವಿ ‘ಸೊತೊಕು’, ಮಹಾಮಂಡಲಾಧಿಪತಿ ಎನ್ನಬಹುದು. ಆದರೆ ಬಲಗೈ ಬಂಟರು ಕರೆಯುವುದು ‘ಕೈಡೊ-ಸಾನ್’ ಎಂದಷ್ಟೇ. ಇಂಗ್ಲಿಷ್ ಅನುವಾದದಲ್ಲಿ ಈ ಅಂತರ ಸುಲಭವಾಗಿ ಜಾರಿಹೋಗುತ್ತದೆ. ಅವನ ಪಡೆಯ ಮೆಟ್ಟಿಲುಗಳ ಹೆಸರುಗಳು ಜಪಾನಿನ ರಂಗದಿಂದ ಬಂದವು. ‘ಶಿನ್‌ಉಚಿ’ ಎಂದರೆ ರಾಕುಗೊ ಕಥೆಗಾರರಲ್ಲಿ ಎಲ್ಲಕ್ಕಿಂತ ಮೇಲಿನ ದರ್ಜೆ. ‘ತೊಬಿ ರೊಪ್ಪೊ’ ಕಬುಕಿ ನಟ ಚಿಮ್ಮುತ್ತ ನಿರ್ಗಮಿಸುವ ನಡಿಗೆಯ ಹೆಸರಿನ ಮೇಲಿನ ಶ್ಲೇಷೆ. ಯಕ್ಷಗಾನ ಮೇಳದಲ್ಲಿ ಕೋಡಂಗಿ, ಬಾಲಗೋಪಾಲರಿಂದ ಎರಡನೇ ವೇಷದವರೆಗೆ ಏರುವುದನ್ನು ನೋಡಿದವರಿಗೆ ಈ ಏಣಿ ಥಟ್ಟನೆ ಅರ್ಥವಾಗುತ್ತದೆ. ವ್ಯತ್ಯಾಸವಿರುವುದು ಏರುವ ಬಗೆಯಲ್ಲಿ. ಕೆಳಗಿನವರು ‘ವೇಟರ್ಸ್’, ಸ್ಮೈಲ್ ಎಂಬ ಕೃತಕ ಹಣ್ಣಿಗಾಗಿ ಕಾಯುವವರು. ತಿಂದ ಹತ್ತರಲ್ಲಿ ಒಬ್ಬನಿಗೆ ಪ್ರಾಣಿಶಕ್ತಿ ಬಂದು ‘ಗಿಫ್ಟರ್ಸ್’ ಸಾಲು ಸೇರುತ್ತಾನೆ. ಉಳಿದವರು ‘ಪ್ಲೆಷರ್ಸ್’: ನಗು ಬಿಟ್ಟು ಬೇರೆ ಭಾವ ತೋರಿಸಲಾರರು, ಅಳಬೇಕಾದಾಗಲೂ ನಗುತ್ತಾರೆ. ಮೇಲಿನ ಹಂತದಲ್ಲೂ ಬಲವೇ ಅಳತೆಗೋಲು. ಕಾಣೆಯಾದ ತನ್ನ ಸಂತಾನ ಯಮಾಟೊನನ್ನು ಹುಡುಕಿ ತಂದವರು ಮೇಲಿನ ಮೂವರು ಬಲಗೈ ಬಂಟರಲ್ಲಿ ಒಬ್ಬರಿಗೆ ಸವಾಲು ಹಾಕಬಹುದು ಎಂದು ತೊಬಿ ರೊಪ್ಪೊ ಆರು ಜನರಿಗೆ ಕೈಡೊ ಆಸೆ ತೋರಿಸುತ್ತಾನೆ.

ಬಲಕ್ಕೆ ಬಂದವರು ಬಲ ಕಂಡ ಕಡೆ ಹೋಗುತ್ತಾರೆ, ಹೊಟ್ಟೆಗೆ ಬಂದವರು ಹೊಟ್ಟೆ ತುಂಬುವ ಕಡೆ. ಪುಟ್ಟ ಹುಡುಗಿ ತಾಮಾ ತನ್ನ ಮಾಯಾಶಕ್ತಿಯಿಂದ ಮಾಡಿಕೊಟ್ಟ, ಪ್ರಾಣಿಗಳನ್ನು ಪಳಗಿಸುವ ಕಿಬಿ ದಾಂಗೊ, ಅಂದರೆ ಸಿರಿಧಾನ್ಯದ ಉಂಡೆ, ತಿಂದ ಗಿಫ್ಟರ್ಸ್ ಯುದ್ಧದ ನಡುವೆ ಅವಳ ಕಡೆ ನಿಂತರು. ಕೈಡೊನ ಆ ಮೂವರು ಬಂಟರಲ್ಲಿ ಒಬ್ಬನಾದ ಕ್ವೀನ್ ತನ್ನವರೂ ಇದ್ದ ಅಂಗಳದಲ್ಲೇ ರೋಗ ಹರಡಿದ. ಎದುರಾಳಿ ವೈದ್ಯ ಚಾಪರ್ ಎರಡೂ ಕಡೆಯವರಿಗೆ ಮದ್ದು ಕೊಟ್ಟ. ಗುಣವಾದವರಲ್ಲಿ ಹಲವರು ಮತ್ತೆ ಕ್ವೀನ್‌ಗಾಗಿ ಆಯುಧ ಎತ್ತಲಿಲ್ಲ. ಇದೇ ಕೈಡೊನ ಉಡೊನ್ ಸೆರೆಮನೆಯಲ್ಲಿ ಕೈದಿಗಳು ಕಲ್ಲು ಹೊತ್ತು ಗಳಿಸುತ್ತಿದ್ದ ಕೂಲಿಯೂ ಕಿಬಿ ದಾಂಗೊವೇ. ಓದಾ ಇದನ್ನು ಬೇಕೆಂದೇ ಜೋಡಿಸಿದ್ದಾರೆ ಎಂದು ನಮಗನಿಸುತ್ತದೆ.

ಬಿಗ್ ಮಾಮ್‌ಳನ್ನು ಎಲ್ಲರೂ ಕರೆಯುವುದು ‘ಮಾಮಾ’, ಅಮ್ಮ, ಎಂದು. 85 ಮಕ್ಕಳಲ್ಲಿ ಹಲವರು ಮಂತ್ರಿಗಳು. ಪ್ರಜೆಗಳು ಆರು ತಿಂಗಳಿಗೊಮ್ಮೆ ಒಂದು ತಿಂಗಳ ಆಯುಷ್ಯವನ್ನು ತೆರಿಗೆಯಾಗಿ ಕೊಡಬೇಕು. ಕುಟುಂಬವೆಂಬ ಮಾತು ಇಲ್ಲೂ ಇದೆ, ಆದರೆ ಡೊಫ್ಲಾಮಿಂಗೊನ ಬೆಚ್ಚನೆ ಇಲ್ಲ. ಮದುವೆ ಧಿಕ್ಕರಿಸಿ ಓಡಿಹೋದ ಮಗಳು ಲೋಲಾಳ ಮೇಲಿನ ಸಿಟ್ಟನ್ನು ಅವಳನ್ನೇ ಹೋಲುವ ಅವಳಿ ಶಿಫಾನ್ ಮೇಲೆ ತೀರಿಸಿದಳು ತಾಯಿ. ಆಮೇಲೆ ತಾಯಿಯನ್ನು ಮುಗಿಸಲು ಸಂಚು ಹೂಡಿದವನು ಶಿಫಾನ್‌ಳ ಗಂಡ. ಕೇಕಿನ ಹಸಿವಿನಿಂದ ಕೆರಳಿದ ತಾಯಿಯನ್ನು ದೂರ ಸೆಳೆಯುವ ಕೇಕು ಬೇಯಿಸಿದವರಲ್ಲಿ ಶಿಫಾನ್ ಕೂಡ ಒಬ್ಬಳು.

ಉಳಿದವನು ಕಪ್ಪುಗಡ್ಡದ ಟೀಚ್. ದಶಕಗಳ ಕಾಲ ವೈಟ್‌ಬಿಯರ್ಡ್‌ನ ಹಡಗಿನಲ್ಲಿದ್ದು ಅವನನ್ನು ‘ಒಯಾಜಿ’, ಅಪ್ಪ, ಎಂದು ಕರೆದವನು, ಕೊನೆಗೆ ಅವನನ್ನೇ ಕೊಂದ. ತನ್ನ ಗುಂಪಿನಲ್ಲಿ ಅಪ್ಪ ಅಮ್ಮಂದಿರ ಮಾತೇ ಇಲ್ಲ. ಪದವಿ ‘ತೇತೊಕು’, ನೌಕಾಧಿಪತಿ. ಕೆಳಗೆ ಹತ್ತು ಮಂದಿ ಕಪ್ತಾನರು. ಇಂಪೆಲ್ ಡೌನ್ ಎಂಬ ಸೆರೆಮನೆಯ ಆರನೇ ಮಟ್ಟದ ಕೈದಿಗಳನ್ನು ತಮ್ಮತಮ್ಮಲ್ಲೇ ಬಡಿದಾಡಿಸಿ, ಉಳಿದವರನ್ನು ಸೇರಿಸಿಕೊಂಡ. ಯಾರ ಪ್ರೀತಿಯನ್ನೂ ಕೇಳದ, ಯಾರಿಗೂ ಪ್ರೀತಿ ಸಾಲ ಕೊಡದ ಗುಂಪು ಇದು.

ಮೂಲದಲ್ಲಿ ಓದಬೇಕೆನ್ನುವವರಿಗೆ: ‘ಜಂಪ್’ ಮಾಂಗಾಗಳಲ್ಲಿ ಕಾಂಜಿ ಅಕ್ಷರಗಳ ಪಕ್ಕದಲ್ಲಿ ಉಚ್ಚಾರ ತೋರಿಸುವ ಪುಟ್ಟ ಫುರಿಗಾನಾ ಇರುತ್ತದೆ, ಹಿರಗಾನಾ ಮತ್ತು ಕತಕಾನಾ ಲಿಪಿಗಳು ಬಂದರೆ ಉಚ್ಚರಿಸಿ ಓದಲು ಸಾಕು. ಡ್ರೆಸ್‌ರೋಸಾ ಕಥಾಭಾಗದಿಂದ ಶುರು ಮಾಡಿ, ‘ವಾಕಾ’ ಮತ್ತು ‘ದೊಫಿ’ ಯಾರ ಬಾಯಲ್ಲಿ ಬರುತ್ತವೆಂದು ಪಟ್ಟಿ ಮಾಡುತ್ತ ಹೋಗಿ.