ಬಿಡುಗಡೆಗೆ ಮುಂಚೆನೇ ಕಾದಂಬರಿ ಯಾಕೆ ಓದ್ತೀರಿ ಅಂದ್ರೆ…

ಪ್ರಶ್ನೆ ಇಷ್ಟೇ. "ಪುಸ್ತಕ ಇನ್ನೂ ಅಂಗಡಿಗೇ ಬಂದಿಲ್ಲ, ನೀವಾಗಲೇ ಓದಿ ಮುಗಿಸಿದ್ದೀರಲ್ಲ, ಹೇಗೆ? ಯಾಕೆ?" ಮೊದಮೊದಲು ಸಮಾಧಾನವಾಗಿ ಕೂತು ವಿವರಿಸುತ್ತಿದ್ದೆ. ಈಗ ಆಗಲ್ಲ. ಕೇಳುವವರಲ್ಲಿ ಮುಕ್ಕಾಲು ಪಾಲು ಜನಕ್ಕೆ ಉತ್ತರ ಬೇಕಾಗಿಲ್ಲ, ಪಿಡಿಎಫ್ ಬೇಕು. "ಹಾಗಾದ್ರೆ ನಂಗೂ ಒಂದು ಫಾರ್ವರ್ಡ್ ಮಾಡಿ" ಅನ್ನುವುದಕ್ಕೆ ಇದು ಪೀಠಿಕೆ, ಅಷ್ಟೇ. ಕಳಿಸಲ್ಲ. ಎಷ್ಟೋ ಪ್ರತಿಗಳಲ್ಲಿ ಪುಟಪುಟಕ್ಕೂ ನನ್ನ ಹೆಸರಿನ ವಾಟರ್‌ಮಾರ್ಕ್ ಇರುತ್ತದೆ, ಅದು ಎಲ್ಲಾದರೂ ಟೆಲಿಗ್ರಾಮ್‌ನಲ್ಲಿ ಓಡಾಡಿದರೆ ಮೊದಲು ಸಿಕ್ಕಿಬೀಳುವುದು ನಾನು. ವಾಟರ್‌ಮಾರ್ಕ್ ಇಲ್ಲದಿದ್ದರೂ ಕಳಿಸಲ್ಲ.

ಈಗ "ಹೇಗೆ" ಅನ್ನೋದು. ಇಂಗ್ಲಿಷ್ ಪುಸ್ತಕಗಳದ್ದು ಸುಲಭ. ಪ್ರಕಾಶಕರು ಬಿಡುಗಡೆಗೆ ಕೆಲವು ತಿಂಗಳ ಮುಂಚೆಯೇ ಒಂದಷ್ಟು ಪ್ರತಿಗಳನ್ನು ವಿಮರ್ಶಕರಿಗೆ, ಅಂಗಡಿಯವರಿಗೆ, ನನ್ನಂಥ ಬ್ಲಾಗಿನವರಿಗೆ ಕೊಡುತ್ತಾರೆ. ನೆಟ್‌ಗ್ಯಾಲಿ ಅಂತ ಒಂದು ತಾಣ 2008ರಿಂದ ಇದೇ ಕೆಲಸ ಮಾಡುತ್ತಿದೆ. ಅಲ್ಲಿ ಪುಸ್ತಕ ಕೇಳಬೇಕು, ಪ್ರಕಾಶಕರು ಒಪ್ಪಬೇಕು. ಭಾರತದಲ್ಲಿ ಇರುವವರಿಗೆ ಬೇಗ ಒಪ್ಪಲ್ಲ. ಆ ಪುಸ್ತಕವನ್ನು ಈ ದೇಶದಲ್ಲಿ ಮಾರುವ ಹಕ್ಕು ಇನ್ಯಾರದ್ದೋ ಆಗಿರುತ್ತದೆ. ಒಪ್ಪಿದರೆ ಓದಬೇಕು, ಓದಿದ ಮೇಲೆ ಅಭಿಪ್ರಾಯ ಬರೆಯಬೇಕು. ತಗೊಂಡ ಪುಸ್ತಕಗಳಲ್ಲಿ ನೂರಕ್ಕೆ 80ಕ್ಕಾದರೂ ಬರೆಯಿರಿ ಅಂತ ಆ ತಾಣವೇ ಹೇಳುತ್ತದೆ. "ಫ್ರೀ ಪುಸ್ತಕ" ಅನ್ನುವವರು ದಯವಿಟ್ಟು ಈ ವಾಕ್ಯವನ್ನು ಇನ್ನೊಂದು ಸಲ ಓದಿ. ಇದು ಹೋಂವರ್ಕ್ ಸ್ವಾಮಿ.

ಬರುವ ಪ್ರತಿಯಾದರೂ ಹೇಗಿರುತ್ತದೆ ಗೊತ್ತಾ? ಇದು ತಿದ್ದದ ಪ್ರತಿ, ಮಾರಾಟಕ್ಕಲ್ಲ, ಅಚ್ಚಾದ ಪುಸ್ತಕದ ಜೊತೆ ತಾಳೆ ನೋಡದೆ ಸಾಲುಗಳನ್ನು ಎತ್ತಿ ಹಾಕಬೇಡಿ ಅಂತ ಮೊದಲೇ ಎಚ್ಚರಿಕೆ. ಒಳಗೆ ಕಾಗುಣಿತದ ತಪ್ಪು. ರಾಜ ಮಹಾರಾಜರ, ಡ್ರ್ಯಾಗನ್‌ಗಳ ಕಾದಂಬರಿ ಆದರೆ "ನಕ್ಷೆ ಇಲ್ಲಿ ಬರುತ್ತದೆ" ಅಂತ ಒಂದು ಖಾಲಿ ಪುಟ, ಯಾವ ಊರು ಎಲ್ಲಿದೆ ಅಂತ ಗೊತ್ತಾಗದೆ ನಾವು ಇಡೀ ಯುದ್ಧ ಮುಗಿಸಬೇಕು. ಆದರೂ ಇದಕ್ಕೆ ಗಿರಾಕಿಗಳಿದ್ದಾರೆ. ಅಮೆರಿಕದ ಬೇನ್ ಬುಕ್ಸ್ ಅನ್ನುವ ಪ್ರಕಾಶಕರು ಇಂಥ ತಿದ್ದದ ಪ್ರತಿಗಳನ್ನೇ ಇ-ಪುಸ್ತಕವಾಗಿ ಮಾರುತ್ತಾರೆ, ಅದೂ ಆಮೇಲೆ ಬರುವ ಸರಿಯಾದ ಇ-ಪುಸ್ತಕಕ್ಕಿಂತ ಜಾಸ್ತಿ ಬೆಲೆಗೆ. ತಪ್ಪು ಇರೋದಕ್ಕೆ ಜಾಸ್ತಿ ದುಡ್ಡು! ಜನ ಕೊಳ್ಳುತ್ತಾರೆ. ಹಾಗಾಗಿ ಹುಚ್ಚು ನನಗೊಬ್ಬನಿಗೇ ಇಲ್ಲ.

ಕನ್ನಡದಲ್ಲಿ ಇಂಥ ಏರ್ಪಾಟು ನಾನು ನೋಡಿಲ್ಲ. ಇಲ್ಲಿ ಲೇಖಕರೇ ವಾಟ್ಸಾಪ್‌ನಲ್ಲಿ ಒಂದು ಫೈಲ್ ಕಳಿಸಿ "ಸುಮ್ನೆ ಒಂದ್ಸಲ ಕಣ್ಣಾಡ್ಸಿ" ಅನ್ನುತ್ತಾರೆ. ಫೈಲ್ ಹಳೇ "ನುಡಿ" ತಂತ್ರಾಂಶದ ಫಾಂಟಿನಲ್ಲಿ ಇದ್ದರೆ ಫೋನಿನಲ್ಲಿ ತೆರೆದಾಗ ಕನ್ನಡದ ಒಂದಕ್ಷರವೂ ಕಾಣಲ್ಲ, ಮಂತ್ರವಾದಿಯ ಯಂತ್ರದಂಥ ಏನೇನೋ ಚಿಹ್ನೆಗಳು ಕಾಣುತ್ತವೆ. ಫೋನಿಗೂ ಅರ್ಥವಾಗುವ ಯೂನಿಕೋಡಿಗೆ ಬದಲಾಯಿಸಿದರೆ ಒತ್ತಕ್ಷರಗಳು ಕೆಲವು ಕಡೆ ತಮ್ಮ ಪಾಡಿಗೆ ತಾವು ಪಕ್ಕದ ಅಕ್ಷರಕ್ಕೆ ಹೋಗಿ ಕೂತಿರುತ್ತವೆ. ಇನ್ನು "ಕಣ್ಣಾಡ್ಸಿ" ಅಂದರೆ "ಹೊಗಳಿ" ಅಂತ. ಇದು ಅರ್ಥವಾಗುವುದಕ್ಕೆ ನನಗೆ ಒಂದೆರಡು ಸ್ನೇಹ ಖರ್ಚಾಯಿತು.

ನಮ್ಮಲ್ಲಿ ಪುಸ್ತಕವನ್ನು ಅಧಿಕೃತವಾಗಿ ಮೊದಲೇ ಓದುವವರು ಅಂದರೆ ಮುನ್ನುಡಿ ಬರೆಯುವವರು. ಅವರನ್ನು ಯಾರೂ "ಯಾಕೆ ಮೊದಲೇ ಓದಿದ್ರಿ" ಅಂತ ಕೇಳಲ್ಲ, ಶಾಲು ಹೊದಿಸುತ್ತಾರೆ. ಅವರೋ, ಎಲ್ಲರೂ ಅಲ್ಲದಿದ್ದರೂ ಬಹಳ ಜನ, ಕಥೆಯನ್ನು ಪೂರ್ತಿ ಹೇಳಿ, ಕೊನೆಗೆ ನಾಯಕಿ ಏನಾದಳು ಅನ್ನೋದನ್ನೂ ಹೇಳಿ, "ಓದುಗರು ಓದಿಯೇ ಸವಿಯಬೇಕು" ಅಂತ ಮುಗಿಸುತ್ತಾರೆ. ಏನು ಉಳಿಸಿದ್ದೀರಿ ಸ್ವಾಮಿ ಸವಿಯೋದಕ್ಕೆ? ಇ-ಪುಸ್ತಕದ ಅಂಗಡಿಗಳಲ್ಲಿ ಮೊದಲ ಹತ್ತು ಶೇಕಡಾ ಪುಟಗಳನ್ನು ಸುಮ್ಮನೆ ಓದಲು ಬಿಡುತ್ತಾರಲ್ಲ, ಅದರಲ್ಲೂ ಕನ್ನಡ ಪುಸ್ತಕ ಆದರೆ ಪ್ರಕಾಶಕರ ಮಾತು, ಮುನ್ನುಡಿ, ಲೇಖಕರ ಅರಿಕೆ, ಕೃತಜ್ಞತೆ ಎಲ್ಲ ಮುಗಿಯುವ ಹೊತ್ತಿಗೆ ಆ ಹತ್ತು ಶೇಕಡಾ ಖಾಲಿ. ಕಥೆ ಶುರುವೇ ಆಗಿರಲ್ಲ.

ಈಗ "ಯಾಕೆ". ಹೋದ ವರ್ಷ ನೆಂಟರ ಮನೆ ಗೃಹಪ್ರವೇಶ. ಊಟದ ಪಂಕ್ತಿ. ಪಕ್ಕದಲ್ಲಿ ಚಿಕ್ಕಪ್ಪನ ಬೀಗರು. ಸಾರು ಬಡಿಸುವ ಹೊತ್ತಿಗೆ ಎದುರು ಸಾಲಿಗೂ ಕೇಳುವ ಹಾಗೆ, "ಏನಪ್ಪಾ, ನೀನು ಬೇಯೋ ಮುಂಚೆನೇ ಅಕ್ಕಿ ತಿನ್ನೋನಂತೆ?" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಪಂಕ್ತಿಯಲ್ಲಿ ಇನ್ನೇನು ಮಾಡೋದು. ಅವರು ಅಲ್ಲಿಗೇ ಬಿಡಲಿಲ್ಲ. "ಅರ್ಧಂಬರ್ಧ ಓದಿ ಏನು ಸಿಗುತ್ತೆ? ಬಂದ ಮೇಲೆ ಎಲ್ಲರ ಹಾಗೆ ಓದೋದಲ್ವಾ? ಎಲ್ಲರಿಗಿಂತ ಮೊದಲು ಓದಿದೆ ಅಂತ ಹೇಳ್ಕೊಳ್ಳೋಕಾ?" ಪಾಯಸ ಬರುವವರೆಗೂ ಇದೇ. ನಾನು ಸುಮ್ಮನಿದ್ದೆ, ಪಾಯಸ ಚೆನ್ನಾಗಿತ್ತು.

ಅವತ್ತು ಹೇಳಬೇಕಾಗಿದ್ದದ್ದು ಇದು. ಬೀಗರೇ, ನಿಮ್ಮ ಮನೆಯಲ್ಲೇ ಇದು ನಡೆದಿದೆ. "ಸುಧಾ" 1965ರಲ್ಲಿ ಶುರುವಾಯಿತು, "ತರಂಗ" 1983ರಲ್ಲಿ. ವಾರವಾರ ಬರುವ ಧಾರಾವಾಹಿಗೆ ನಿಮ್ಮ ಮನೆಯ ಹೆಂಗಸರು, ನಮ್ಮಮ್ಮ, ಪಕ್ಕದ ಮನೆಯವರು ಎಲ್ಲ ಕಾದು ಓದಿದ್ದು ಏನನ್ನ? ಪುಸ್ತಕವಾಗಿ ಇನ್ನೂ ಬಾರದ ಕಾದಂಬರಿಯನ್ನೇ ಅಲ್ವಾ? ಅಮ್ಮ ಆ ಹಾಳೆಗಳನ್ನು ಕತ್ತರಿಸಿ, ದಬ್ಬಣದಲ್ಲಿ ಹೊಲಿದು, ಹಳೇ ಕ್ಯಾಲೆಂಡರಿನ ರಟ್ಟು ಹಾಕಿ ಇಟ್ಟಿದ್ದಾಳೆ. ನಡುವೆ ಒಂದು ವಾರದ ಸಂಚಿಕೆ ಯಾರೋ ತಗೊಂಡು ಹೋಗಿ ಕೊಟ್ಟಿಲ್ಲ, ಆ ಸಿಟ್ಟು ಅವಳಿಗೆ ಇವತ್ತಿಗೂ ಹೋಗಿಲ್ಲ. ಅವಳನ್ನು ಯಾರೂ ಹಸಿ ಅಕ್ಕಿ ತಿನ್ನೋಳು ಅನ್ನಲಿಲ್ಲ.

ಮೊದಲು ಓದಿದೆ ಅನ್ನುವ ಜಂಬ ನನಗೆ ಇಲ್ಲವೇ ಇಲ್ಲ ಅಂತ ಹೇಳಲ್ಲ. ಸ್ವಲ್ಪ ಇದೆ. ಆದರೆ ಅದು ಒಂದು ವಾರಕ್ಕೆ ಹಳಸುತ್ತದೆ. ನಿಜವಾದ ಖುಷಿ ಬೇರೆ. ಯಾರ ಮಾತೂ ಇನ್ನೂ ಕಿವಿಗೆ ಬಿದ್ದಿರಲ್ಲ. ಪ್ರಶಸ್ತಿ ಇಲ್ಲ, ಫೇಸ್‌ಬುಕ್ ಜಗಳ ಇಲ್ಲ, "ನೀವಿನ್ನೂ ಓದಿಲ್ವಾ" ಅನ್ನುವವರಿಲ್ಲ. ಪುಸ್ತಕ ಚೆನ್ನಾಗಿದೆಯೋ ಇಲ್ಲವೋ ನಾನೇ ತೀರ್ಮಾನ ಮಾಡಬೇಕು, ಅದೂ ಯಾವ ಆಸರೆಯೂ ಇಲ್ಲದೆ. ಜೊತೆಗೆ ಆ ಕಥೆ ಇನ್ನೂ ಗಟ್ಟಿಯಾಗಿರಲ್ಲ, ಯಾರಾದರೂ ಒಂದು ಮಾತು ಹೇಳಿದರೆ ಬದಲಾಗಬಹುದು.

ಅದಕ್ಕೇ "ಹೇಗೆ ಸಿಕ್ತು, ಯಾಕೆ ಓದಿದೆ" ಬಿಟ್ಟು, "ಅಚ್ಚಾಗಿ ಬಂದಾಗ ಏನು ಬದಲಾಗಿತ್ತು?" ಅಂತ ಯಾರಾದರೂ ಕೇಳಲಿ ಅಂತ ಕಾಯುತ್ತಿರುತ್ತೇನೆ. ಇಲ್ಲಿಯವರೆಗೂ ಯಾರೂ ಕೇಳಿಲ್ಲ.

1861ರಲ್ಲಿ ಚಾರ್ಲ್ಸ್ ಡಿಕನ್ಸ್ "ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್" ಬರೆದು ಮುಗಿಸಿದಾಗ ಅದು ಅವನದೇ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರುತ್ತಿತ್ತು. ಕೊನೆಯ ಕಂತು ಜನರ ಕೈಗೆ ಹೋಗುವ ಮುಂಚೆ ಬುಲ್ವರ್ ಲಿಟನ್ ಅನ್ನುವ ಇನ್ನೊಬ್ಬ ಕಾದಂಬರಿಕಾರ ಕರಡಚ್ಚು ಓದಿ, ಈ ಮುಕ್ತಾಯ ಬೇಡ ಅಂದ. ಮೊದಲು ಬರೆದದ್ದರಲ್ಲಿ ನಾಯಕ ಪಿಪ್ ಮತ್ತು ಅವನು ಪ್ರೀತಿಸಿದ ಎಸ್ಟೆಲ್ಲಾ ಲಂಡನ್ನಿನ ಬೀದಿಯಲ್ಲಿ ಒಂದು ಗಳಿಗೆ ಭೇಟಿಯಾಗಿ ತಮ್ಮ ತಮ್ಮ ದಾರಿ ಹಿಡಿಯುತ್ತಾರೆ. ಡಿಕನ್ಸ್ ಅದನ್ನು ತೆಗೆದು, ಇಬ್ಬರೂ ಕೈ ಹಿಡಿದು ಹೊರಡುವ ಹಾಗೆ ಬರೆದ. ಹಳೇ ಮುಕ್ತಾಯ ಹೊರಗೆ ಬಂದದ್ದು ಅವನು ಸತ್ತ ಮೇಲೆ, ಅವನ ಸ್ನೇಹಿತ ಫಾರ್‌ಸ್ಟರ್ ಬರೆದ ಜೀವನಚರಿತ್ರೆಯಲ್ಲಿ. ಹಳೆಯದೇ ಸರಿ ಅನ್ನುವವರು ಇವತ್ತಿಗೂ ಇದ್ದಾರೆ, ನಾನೂ ಅದೇ ಪಕ್ಷ. ಲಿಟನ್ ಒಬ್ಬ ಮೊದಲೇ ಓದಿದ್ದಕ್ಕೆ ಇಷ್ಟೆಲ್ಲ ಆಯಿತು. ಮುಂಚೆ ಓದುವುದು ನಿರುಪದ್ರವಿ ಕೆಲಸ ಅಂತ ನಾನೆಲ್ಲೂ ಹೇಳಿಲ್ಲ.

ನನ್ನ ಮಾತು ಕೇಳಿ ಯಾರೂ ಏನನ್ನೂ ಬದಲಾಯಿಸಲ್ಲ, ಅದೇ ಬೇಜಾರು. ಗೆಳೆಯನೊಬ್ಬನ ಕಾದಂಬರಿಯ ಕರಡಿನಲ್ಲಿ ಒಂದು ಪತ್ರ ಇತ್ತು. ಸಾಯುವ ಮುಂಚೆ ಅಪ್ಪ ಮಗಳಿಗೆ ಬರೆದದ್ದು, ಆರು ಪುಟ. ತೆಗಿ ಮಾರಾಯ, ಆ ಮನುಷ್ಯ ಇಡೀ ಕಾದಂಬರಿಯಲ್ಲಿ ಬಾಯಿ ಬಿಟ್ಟಿಲ್ಲ, ಈಗ ಆರು ಪುಟ ಭಾಷಣ ಮಾಡ್ತಾನಾ ಅಂದೆ. ಅವನು ತೆಗೆಯಲಿಲ್ಲ. ಪುಸ್ತಕ ಬಂತು. ಈಗ ಎಲ್ಲೇ ಓದುಗರು ಸಿಕ್ಕಲಿ, ನಾನು ಪಕ್ಕದಲ್ಲಿದ್ದೇನೆ ಅಂತ ನೋಡಿಕೊಂಡೇ "ಆ ಪತ್ರ ಹೇಗಿತ್ತು?" ಅಂತ ಕೇಳುತ್ತಾನೆ. ಅವರೆಲ್ಲ ಅತ್ತೆವು ಅನ್ನುತ್ತಾರೆ. ಅಳು ಬರೋದು ಬೇರೆ, ಬೇಕಾಗಿರೋದು ಬೇರೆ. ಎರಡನೇ ಮುದ್ರಣ ಬರುತ್ತಿದೆಯಂತೆ. ಇನ್ನೊಂದು ಸಲ ಹೇಳಿ ನೋಡುತ್ತೇನೆ.